ಬಡವರ ಸೇವೆಗೆ ಅರ್ಜಿ ಕರೆದಿದ್ದಾರೆ

ದುಡ್ಡಿಗೋಸ್ಕರ ಕೆಲಸ ಮಾಡೋರ ಪಕ್ಕ ಕೂತ್ರೆ ಆಕಳಿಕೆ ಬರುತ್ತೆ. ಸೇವೆ ಮಾಡ್ತೀನಿ ಅಂತ ಹೊರಟೋರ ಹಿಂದೆ ಒಂದು ವಾರ ಓಡಾಡಿ ನೋಡಿ, ನಕ್ಕು ನಕ್ಕು ಪಕ್ಕೆ ಹಿಡ್ಕೊಳ್ಳುತ್ತೆ. ನನಗಂತೂ ಇದು ದಿನಾ ನಡೆಯೋ ಕಥೆ ಕಣ್ರೀ.

ನಾನು ಲಾ ಕಾಲೇಜನ್ನ ಎರಡನೇ ವರ್ಷಕ್ಕೇ ಬಿಟ್ಬುಟ್ಟೋನು. ಯಾಕೆ ಬಿಟ್ಟೆ ಅಂತ ನೀವು ಕೇಳ್ಬೇಡಿ, ನಮ್ಮಪ್ಪ ಇನ್ನೂ ಕೇಳ್ತಾನೇ ಇದಾರೆ. ಈಗ ರಾಮಕೃಷ್ಣನಗರದಲ್ಲಿ ಚಿಕ್ಕಪ್ಪನ ಜೆರಾಕ್ಸ್ ಅಂಗಡೀಲಿ ಕೂತು ಆನ್‌ಲೈನ್ ಅರ್ಜಿ ತುಂಬ್ಕೊಡ್ತೀನಿ. ನನ್ನ ಜೊತೆ ಓದ್ತಿದ್ದೋರೆಲ್ಲ ಕೊನೇ ವರ್ಷಕ್ಕೆ ಬಂದಿದ್ದಾರೆ. ಅವರ ಭವಿಷ್ಯದ ಅರ್ಜಿ ತುಂಬೋನು ನಾನು. ದೇಶದ ನ್ಯಾಯಾಂಗ ಎಷ್ಟು ಭದ್ರವಾದ ಕೈಲಿದೆ ನೋಡಿ.

ಅವರಲ್ಲಿ ಒಬ್ಬಳು ನನ್ನ ಗೆಳತಿ. ಅಂಥಾ ಗೆಳತಿ ಅಲ್ಲ, ಕಣ್ಣು ಮಿಟುಕಿಸ್ಬೇಡಿ. ಅವಳ ಸೋದರಮಾವ ಲಕ್ಷ್ಮೀಪುರಂನಲ್ಲಿ ದೊಡ್ಡ ಸಿವಿಲ್ ಲಾಯರ್ರು. ಮನೇಲಿ ಆಗ್ಲೇ ತೀರ್ಮಾನ ಆಗ್ಬುಟ್ಟಿತ್ತು: ಪರೀಕ್ಷೆ ಮುಗೀಲಿ, ಆಷಾಢ ಕಳೀಲಿ, ಶ್ರಾವಣದ ಮೊದಲನೇ ಸೋಮವಾರ ಹುಡುಗಿ ಮಾವನ ಆಫೀಸಲ್ಲಿ ಕೂತ್ಕೋಬೇಕು. ಇವಳಿಗೋ ಬಡವರ ಕೇಸು ನಡೆಸೋ ಹುಚ್ಚು. ಅತ್ತು ಕರೆದು ಜಗಳ ಆಡಿದ್ಮೇಲೆ ಅವರಪ್ಪ ಒಂದು ದಾರಿ ಬಿಟ್ಟರು. "ಆ ಕೆಲಸಕ್ಕೆ ಯಾರಾದ್ರೂ ಸಂಬಳ ಕೊಡ್ತೀನಿ ಅಂತ ಆಷಾಢದೊಳಗೆ ಬರೆದು ಕೊಟ್ರೆ ಹೋಗು. ಇಲ್ಲಾಂದ್ರೆ ಮಾವ."

ಅಲ್ಲಿಂದ ಶುರುವಾಯ್ತು ನಮ್ಮ ಓಡಾಟ.

ಎಂಟು ಪೇಟ, ಒಂದು ಭಾಷಣ

ಕಾಲೇಜಲ್ಲಿ ಒಂದು ಕಾರ್ಯಕ್ರಮ ಇಟ್ಟರು. 'ಸಾರ್ವಜನಿಕ ಹಿತಾಸಕ್ತಿ ಕ್ಷೇತ್ರದಲ್ಲಿ ಯುವ ವಕೀಲರಿಗೆ ಅವಕಾಶಗಳು.' ಎಲ್ಲೆಲ್ಲಿ ಕೆಲಸ ಇದೆ, ಯಾರು ಯಾರು ಸಹಾಯಧನ ಕೊಡ್ತಾರೆ, ಪೂರ್ತಿ ಪಟ್ಟಿ ಹಿಡ್ಕೊಂಡು ಬೆಂಗಳೂರಿಂದ ಒಬ್ಬರು ಬಂದಿದ್ರು. ಗೆಳತಿ ನೋಟ್‌ಬುಕ್ ಹಿಡ್ಕೊಂಡು ಮೊದಲನೇ ಸಾಲಲ್ಲಿ ಕೂತ್ಲು. ನಾನು ಉಪ್ಪಿಟ್ಟು ಕೊಡ್ತಾರೆ ಅಂತ ಕೊನೇ ಸಾಲಲ್ಲಿ ಕೂತೆ.

ಪ್ರಾರ್ಥನೆ ಆಯ್ತು. ಸ್ವಾಗತ ಆಯ್ತು. ದೀಪ ಹಚ್ಚಿದ್ರು, ಫ್ಯಾನ್ ಗಾಳಿಗೆ ಆರಿ ಹೋಯ್ತು, ಫ್ಯಾನ್ ನಿಲ್ಲಿಸಿ ಮತ್ತೆ ಹಚ್ಚಿದ್ರು. ಆಮೇಲೆ ಸನ್ಮಾನ. ವೇದಿಕೆ ಮೇಲೆ ಎಂಟು ಜನ. ಎಂಟು ಜನಕ್ಕೂ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಒಬ್ಬರ ತಲೆಗೆ ಪೇಟ ಸಣ್ಣದಾಗಿ, ಪಕ್ಕದವರ ಪೇಟ ಬಿಚ್ಚಿ ಇವರಿಗೆ ಹಾಕಿ, ಫೋಟೋದವನು "ಇನ್ನೊಂದ್ ಸಲ ಸಾರ್" ಅಂದಿದ್ದಕ್ಕೆ ಮತ್ತೆ ಬಿಚ್ಚಿ ಮತ್ತೆ ಹಾಕಿ... ಅಧ್ಯಕ್ಷರು ತಾವು ವಿದ್ಯಾರ್ಥಿಯಾಗಿದ್ದಾಗ ಎಷ್ಟು ಕಷ್ಟಪಟ್ಟರು ಅಂತ ಮುಕ್ಕಾಲು ಗಂಟೆ ಹೇಳಿದ್ರು. ನಮಗೂ ಅಷ್ಟೇ ಕಷ್ಟ ಆಯ್ತು.

ಕೊನೆಗೆ ಬೆಂಗಳೂರಿನವರು ಮೈಕ್ ಮುಂದೆ ನಿಂತು "ಈಗ ಅವಕಾಶಗಳ ವಿಷಯಕ್ಕೆ ಬರೋಣ" ಅಂದ್ರು. ನಿರೂಪಕಿ ಚೀಟಿ ಕೊಟ್ಲು. ಓದಿ ಅವರೇ ಬೆಪ್ಪಾದ್ರು. ಹಾಲ್ ಬೇರೆ ಕಾರ್ಯಕ್ರಮಕ್ಕೆ ಬೇಕು, ಎರಡು ನಿಮಿಷದಲ್ಲಿ ಮುಗಿಸಿ ಅಂತ! ಅದರಲ್ಲಿ ಒಂದೂವರೆ ನಿಮಿಷ ಪೇಟಕ್ಕೆ ಥ್ಯಾಂಕ್ಸ್ ಹೇಳೋಕೆ ಹೋಯ್ತು.

ಗೆಳತಿ ಅವರ ಕಾರಿನ ಹಿಂದೆ ಗೇಟ್ ತನಕ ಓಡಿದ್ಲು. ಪೇಟದ ಸಮೇತ ಕಿಟಕಿಯಿಂದ ತಲೆ ಹಾಕಿ ಅವರು ಒಂದೇ ಒಂದು ಫೆಲೋಶಿಪ್ಪಿನ ಹೆಸರು ಕೂಗಿದ್ರು. ಲಾ ಮುಗಿಸಿದವರು ಬಡವರ ಕೇಸು ನೋಡ್ಕೊಂಡು ಊರೂರು ತಿರುಗಿದ್ರೆ ಒಂದು ಟ್ರಸ್ಟು ತಿಂಗಳು ತಿಂಗಳು ಸಂಬಳ ಕೊಡುತ್ತಂತೆ.

ಮೂರು ಗಂಟೆ ಕಾರ್ಯಕ್ರಮದಲ್ಲಿ ಸಿಕ್ಕ ಅವಕಾಶ ಅದೊಂದೇ. ಅದೂ ಕಾರಿಗೆ ಹಂಪ್ ಅಡ್ಡ ಬಂದಿದ್ದಕ್ಕೆ.

ಎಂಟುನೂರು ಪದ

ಆ ಅರ್ಜೀಲಿ ಒಂದು ಪ್ರಬಂಧ ಬರೀಬೇಕು. 'ನೀವು ಸಮಾಜಕ್ಕೆ ಏನು ಮಾಡಿದ್ದೀರಿ? ಎಂಟುನೂರು ಪದಗಳಿಗೆ ಕಮ್ಮಿ ಇರಬಾರದು.'

ಗೆಳತಿ ಮಾಡಿದ್ದ ಕೆಲಸ ಇಷ್ಟು. ಒಂದು ಮದುವೆ ಛತ್ರದಲ್ಲಿ ಪಾತ್ರೆ ತೊಳೆದು ನೆಲ ಒರೆಸೋ ಹೆಂಗಸರು ಹದಿನೈದು ಜನ. ಅಲ್ಲಿನ ಕಂಟ್ರಾಕ್ಟರ್ರು, ಟಾಯ್ಲೆಟ್ ಇರೋದು ಮದುವೆಗೆ ಬಂದೋರಿಗೆ, ತೊಳೆಯೋರಿಗಲ್ಲ ಅಂತ ಬೀಗ ಹಾಕ್ಬುಟ್ಟಿದ್ದ. ಇವಳು ಆ ಹೆಂಗಸರ ಜೊತೆ ಛತ್ರದ ಗೇಟಲ್ಲಿ ಮೂರು ದಿನ ಧರಣಿ ಕೂತು ಬೀಗ ತೆಗೆಸಿದ್ಲು.

ಅವಳು ಬರ್ಕೊಂಡು ಬಂದಿದ್ದ ಪ್ರಬಂಧ ನೋಡಿದೆ. 'ಟಾಯ್ಲೆಟ್ಟಿಗೆ ಬೀಗ ಹಾಕಿದ್ದರು. ತೆಗೆಸಿದೆ.'

"ಇದು ನಾಲ್ಕು ಪದ ಕಣೇ. ಇನ್ನೂ ಏಳುನೂರ ತೊಂಬತ್ತಾರು ಬೇಕು."

"ಒಂದು ಬೀಗಕ್ಕೆ ಎಂಟುನೂರು ಪದ ಎಲ್ಲಿಂದ ತರ್ಲೋ?"

ಅದೇ ಹೊತ್ತಿಗೆ ಅದೇ ಫೆಲೋಶಿಪ್ಪಿಗೆ ಅರ್ಜಿ ಹಾಕೋಕೆ ಯಾದವಗಿರಿ ಬಂಗಲೆ ಹುಡುಗನೊಬ್ಬ ಬಂದ. ನಮ್ಮ ಕ್ಲಾಸಿನವನೇ. ಅವನ ಪ್ರಬಂಧ ಎರಡು ಸಾವಿರ ಪದ. 'ಬಾಲ್ಯದಿಂದಲೂ ಹಸಿವಿನ ಜೊತೆಗೇ ಬೆಳೆದ ನಾನು' ಅಂತ ಶುರು.

"ನಿಮ್ಮನೇಲಿ ಯಾವಾಗಪ್ಪ ಹಸಿವಿತ್ತು?" ಅಂದೆ.

"ಅಜ್ಜಿ ಏಕಾದಶಿ ಮಾಡ್ತಿದ್ರು" ಅಂದ.

ಫ್ಯಾನ್ ಕೆಳಗಿನ ಟೇಬಲ್

ಅರ್ಜಿ ಜೊತೆ ಒಬ್ಬ ಹಿರಿಯ ವಕೀಲರ ಪತ್ರ ಇದ್ರೆ ಒಳ್ಳೇದು ಅಂತ ಬರೆದಿತ್ತು. ಗೊತ್ತಿದ್ದ ಹಿರಿಯ ವಕೀಲರು ಮಾವ ಒಬ್ಬರೇ. ಅವರಿಂದ ತಪ್ಪಿಸ್ಕೊಳ್ಳೋಕೆ ಅವರ ಹತ್ರಾನೇ ಪತ್ರ ಕೇಳೋಕೆ ಹೋದ್ವಿ.

ಮಾವ ಒಳ್ಳೇವರೇ. ಕಾಫಿ ತರಿಸಿದ್ರು. ಇವಳಿಗೋಸ್ಕರ ಹಾಕಿಸಿದ ಹೊಸ ಟೇಬಲ್ ತೋರಿಸಿದ್ರು, ಸರಿಯಾಗಿ ಫ್ಯಾನ್ ಕೆಳಗೆ. ಅದರ ಮೇಲೆ ಒಂದು ಗುಡ್ಡೆ ಫೈಲು. ಅಣ್ಣ ತಮ್ಮಂದಿರ ಪಾಲಿನ ಕೇಸಂತೆ. ಕೇಸು ಹುಟ್ಟಿದಾಗ ಇವಳಿನ್ನೂ ಹುಟ್ಟಿರಲಿಲ್ಲ.

"ಬಡವರ ಸೇವೆ ಮಾಡ್ಬೇಡ ಅಂತ ನಾನು ಹೇಳಲ್ಲ ಪುಟ್ಟಿ" ಅಂದ್ರು ಮಾವ. "ರಿಟೈರ್ ಆದ್ಮೇಲೆ ಮಾಡು. ನಾನೂ ಅದನ್ನೇ ಅನ್ಕೊಂಡಿದೀನಿ."

"ನೀವು ಯಾವಾಗ ರಿಟೈರ್ ಆಗ್ತೀರ ಮಾವ?"

"ಲಾಯರ್ರಿಗೆ ಎಲ್ಲಮ್ಮ ರಿಟೈರ್ಮೆಂಟು?"

ಆಮೇಲೆ ನನ್ನ ಕಡೆ ತಿರುಗಿ, "ನೀನೇನಪ್ಪ ಮಾಡ್ಕೊಂಡಿದೀಯ?" ಅಂದ್ರು. ಕಾಲೇಜು ಬಿಟ್ಬುಟ್ಟೆ ಸಾರ್ ಅಂದೆ. ಆಫೀಸಿಗೆ ಕಾಲಿಟ್ಟ ಮೇಲೆ ಅವರು ಮೊದಲನೇ ಸಲ ಗೌರವದಿಂದ ನೋಡಿದ್ರು. "ನಲವತ್ತು ವರ್ಷದ ಹಿಂದೆ ನನಗೆ ಆ ಧೈರ್ಯ ಬರ್ಲಿಲ್ಲ ನೋಡು."

ಪತ್ರ ಮಾತ್ರ ಕೊಡ್ಲಿಲ್ಲ.

ಕ್ಯಾಂಪು

ಯಾದವಗಿರಿ ಹುಡುಗ ಸುಮ್ನೆ ಕೂರೋನಲ್ಲ. ಫೋಟೋ ಬೇಕು ಅಂತ ಊರಾಚೆ ಒಂದು ಹಳ್ಳೀಲಿ 'ಉಚಿತ ಕಾನೂನು ಅರಿವು ಶಿಬಿರ' ಮಾಡಿದ. ಬ್ಯಾನರ್ ಪ್ರಿಂಟ್ ಹಾಕಿಸಿ ಕೊಟ್ಟೋನು ನಾನೇ, ಅದನ್ನ ಕಟ್ಟೋಕೂ ನಾನೇ ಹೋದೆ. ಅರಳಿಕಟ್ಟೆಗಿಂತ ಬ್ಯಾನರ್ ದೊಡ್ಡದಾಗಿತ್ತು. ಅದರಲ್ಲಿ ಹುಡುಗನ ಮುಖ ಬ್ಯಾನರಿಗಿಂತ ದೊಡ್ಡದಾಗಿತ್ತು.

ಎಂಟು ಜನ ಭಾವೀ ವಕೀಲರು ಕರೀ ಕೋಟು ಹಾಕ್ಕೊಂಡು ಬಿಸಿಲಲ್ಲಿ ಕೂತ್ರು. ಹನ್ನೆರಡು ಗಂಟೆ ತನಕ ಬಂದಿದ್ದು ಒಂದು ನಾಯಿ. ಆಮೇಲೆ ಒಬ್ಬ ಅಜ್ಜ ಬಂದ. ಹುಡುಗನಿಗೆ ಜೀವ ಬಂತು. "ಬನ್ನಿ ತಾತ, ನಿಮ್ಮ ಕಷ್ಟ ಹೇಳ್ಕೊಳ್ಳಿ. ಲೋ, ಫೋಟೋ ತೆಗಿಯೋ."

"ಪಕ್ಕದ್ ಜಮೀನೋನು ದಾರಿಗೆ ಬೇಲಿ ಆಕವ್ನೆ. ಏನ್ ಮಾಡದು?"

ಎಂಟು ಜನಾನೂ ಮೊಬೈಲ್ ತೆಗೆದು ಹುಡುಕೋಕೆ ಶುರು ಮಾಡಿದ್ರು. ಹಳ್ಳೀಲಿ ನೆಟ್‌ವರ್ಕ್ ಇಲ್ಲ. ಒಬ್ಬ ಪೊಲೀಸ್ ಕಂಪ್ಲೇಂಟ್ ಅಂದ, ಇನ್ನೊಬ್ಬ ನೇರ ಹೈಕೋರ್ಟ್ ಅಂದ. ಅಜ್ಜ ಸ್ವಲ್ಪ ಹೊತ್ತು ಕೇಳಿಸ್ಕೊಂಡು, ಬೀಡಿ ಹಚ್ಚಿ, "ಮೊದ್ಲು ಸರ್ವೇಯವ್ರನ್ನ ಕರ್ಸಿ ಅಳತೆ ಮಾಡಿಸ್ಬೇಕು. ಆಮೇಲೆ ಸಿವಿಲ್ ಕೋರ್ಟಲ್ಲಿ ತಡೆ ತರ್ಬೇಕು" ಅಂತ ಶುರು ಮಾಡಿದ. ಇಪ್ಪತ್ತು ವರ್ಷ ಕೋರ್ಟಿಗೆ ಅಲೆದೋನಂತೆ. ನೀವು ಎಷ್ಟು ಕಲ್ತಿದ್ದೀರ ನೋಡೋಣ ಅಂತ ಬಂದಿದ್ದಷ್ಟೇ.

ಒಂದು ಗಂಟೆ ಪಾಠ ಮಾಡಿದ. ಎಂಟೂ ಜನ ನೋಟ್ಸ್ ಬರ್ಕೊಂಡ್ರು. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂತು: 'ಗ್ರಾಮೀಣ ಜನತೆಗೆ ಕಾನೂನು ಅರಿವು ಮೂಡಿಸುತ್ತಿರುವುದು.'

ಯಾರು ಯಾರಿಗೆ ಅಂತ ಬರೆದಿರಲಿಲ್ಲ, ಅಷ್ಟೇ.

ವಿಚಾರಿಸ್ಕೊಳ್ಳೋರು

ಗೆಳತಿ ಹತ್ರ ಫೋಟೋ ಇಲ್ಲ, ಮಾವನ ಪತ್ರ ಇಲ್ಲ. ನಾವಿಬ್ರೂ ಎಳೆದು ಎಳೆದು ಎಂಟುನೂರಕ್ಕೆ ಮುಟ್ಟಿಸಿದ ಪ್ರಬಂಧ ಒಂದು ಇತ್ತು. ಅದು ಹೆಂಗೋ ಮೊದಲನೇ ಸುತ್ತು ದಾಟಿತು. ಕೊನೇ ಸುತ್ತಲ್ಲಿ, ನೀವು ಯಾರಿಗೆ ಸಹಾಯ ಮಾಡಿದ್ರೋ ಅವರಿಗೇ ಟ್ರಸ್ಟಿನವರು ಫೋನ್ ಮಾಡಿ ನಿಮ್ಮ ಬಗ್ಗೆ ಕೇಳ್ತಾರೆ. ಇವಳು ಛತ್ರದ ಅಕ್ಕನ ಹೆಸರು ಕೊಟ್ಟಿದ್ಲು. ಆ ಹದಿನೈದು ಹೆಂಗಸರಿಗೆ ಲೀಡರ್ರು ಆಯಮ್ಮ. ಹನ್ನೆರಡು ವರ್ಷದಿಂದ ಅದೇ ಛತ್ರದಲ್ಲಿ ಕಂಟ್ರಾಕ್ಟ್ ಕೆಲಸ.

ಆಷಾಢ ಮುಗಿಯೋಕೆ ಹತ್ತು ದಿನ ಇತ್ತು. ಮದುವೆ ಇಲ್ಲದ ತಿಂಗಳಲ್ವಾ, ಛತ್ರ ಖಾಲಿ, ಅಕ್ಕನೂ ಬಿಡುವು. ಫೋನ್ ಬರೋ ದಿನ ನಮ್ಮ ಅಂಗಡಿಗೇ ಬಂದು ಕೂತ್ಲು. ಅಕ್ಕನ ಫೋನು ಸ್ಪೀಕರ್ ಹಾಕಿದ್ರೆ ಮಾತ್ರ ಕೇಳ್ಸೋದು. ಅರ್ಜಿ ಹಾಕಿದವರು ಹತ್ರ ಇರಬಾರದು ಅಂತ ರೂಲ್ಸು, ಅದಕ್ಕೆ ಗೆಳತಿ ಎದುರುಗಡೆ ಎಳನೀರು ಗಾಡಿ ಹತ್ರ ನಿಂತ್ಲು. ಇದು ಕೆಲಸದ ವಿಷಯ ಅಂತ ನಾನು ಅಕ್ಕನಿಗೆ ಹೇಳಿರ್ತೀನಿ ಅಂತ ಅವಳು ಅನ್ಕೊಂಡಿದ್ಲು. ಅವಳು ಹೇಳಿರ್ತಾಳೆ ಅಂತ ನಾನು ಅನ್ಕೊಂಡಿದ್ದೆ.

ಫೋನ್ ಬಂತು. ಆ ಕಡೆಯಿಂದ ಒಬ್ಬರು ಮೇಡಂ. "ನಮಸ್ಕಾರ ಅಮ್ಮ. ಬೆಂಗಳೂರಿಂದ ಮಾತಾಡ್ತಾ ಇದೀವಿ, ಇಲ್ಲಿ ಮೂರು ಜನ ಕೂತಿದೀವಿ. ನಿಮಗೆ ಗೊತ್ತಿರೋ ಹುಡುಗಿ ಬಗ್ಗೆ ಸ್ವಲ್ಪ ವಿಚಾರಿಸ್ಬೇಕಿತ್ತು."

ಅಕ್ಕನ ಮುಖ ಅರಳ್ತು. ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಿವೀಲಿ, "ಆಸಾಡದಲ್ಲಿ ವಿಚಾರಿಸ್ಕಂಡು ಸ್ರಾವಣಕ್ಕೆ ಇಟ್ಕೊಬೇಕು ಅಂತವ್ರೆ. ಒಳ್ಳೇ ಪದ್ಧತಿ ಇರೋ ಜನ" ಅಂದ್ಲು. ನಾವಿಬ್ರೂ ಅಕ್ಕನಿಗೆ ಏನೂ ಹೇಳಿಲ್ಲ ಅಂತ ನನಗೆ ಆಗ ಗೊತ್ತಾಯ್ತು. ಹನ್ನೆರಡು ವರ್ಷ ಛತ್ರದಲ್ಲಿರೋ ಹೆಂಗಸು. ಗೊತ್ತಿಲ್ಲದೋರು ಫೋನ್ ಮಾಡಿ ಹುಡುಗಿ ಬಗ್ಗೆ ಕೇಳಿದ್ರೆ ಇನ್ನೇನು ಅಂತ ಅನ್ಕೋತಾಳೆ?

"ಹುಡುಗಿ ಸ್ವಭಾವ ಹೇಗಮ್ಮ?"

"ಅಪರಂಜಿ ಕಣವ್ವ. ತಗ್ಗಿಸಿದ ತಲೆ ಎತ್ತಾಕಿಲ್ಲ. ಬೈದ್ರೂ ನಗ್ತಾಳೆ."

"ಯಾರಾದ್ರೂ ಅನ್ಯಾಯ ಮಾಡಿದ್ರೆ?"

"ಸಯಿಸ್ಕತಾಳೆ."

"ದೊಡ್ಡವರನ್ನ ಎದುರು ಹಾಕ್ಕೊಂಡಿದ್ದು ಏನಾದ್ರೂ..."

"ಸಿವಸಿವಾ! ದೊಡ್ಡೋರ್ ಕಂಡ್ರೆ ಕಾಲಿಗ್ ಬೀಳೋ ಉಡ್ಗಿ."

ನಾನು ಕೈ ಆಡಿಸ್ದೆ, ತಲೆ ಆಡಿಸ್ದೆ, ಹಾಳೆ ಮೇಲೆ ದಪ್ಪ ಅಕ್ಷರದಲ್ಲಿ 'ಕೆಲಸ' ಅಂತ ಬರೆದು ತೋರಿಸ್ದೆ. ಅಕ್ಕನಿಗೆ ಓದೋಕೆ ಬರಲ್ಲ. ನಾನು ನೋಡ್ಕತೀನಿ ಸುಮ್ಕಿರು ಅಂತ ಕಣ್ಸನ್ನೆ ಮಾಡಿದ್ಲು.

ಮೇಡಂ ಗೊಂದಲದಲ್ಲಿ, "ಮತ್ತೆ ಛತ್ರದ ಗೇಟಲ್ಲಿ ಮೂರು ದಿನ ಧರಣಿ ಕೂತಿದ್ದೆ ಅಂತ ಬರೆದಿದ್ದಾರಲ್ಲಮ್ಮ?" ಅಂದ್ರು.

"ಯಾರೋ ಆಗದೋರು ಯೋಳಿರೋ ಸುಳ್ಳು ಅದು! ಆ ಮೂರ್ ದಿನಾನೂ ಉಡ್ಗಿ ಮನೇಲಿ ಪೂಜೆ ಮಾಡ್ತಿದ್ಲು."

ಮುಗೀತು. ಇದ್ದ ಒಂದು ಸಾಧನೇನೂ ಅಕ್ಕ ತೊಳೆದು ಹಾಕಿದ್ಲು, ಗೆಳತೀನ ಸುಳ್ಳುಗಾತೀನೂ ಮಾಡಿದ್ಲು. ಎಳನೀರು ಗಾಡಿ ಹತ್ರ ಅವಳು ನನ್ನ ಮುಖಾನೇ ನೋಡ್ತಾ ನಿಂತಿದ್ಲು. ಮಾವನ ಫ್ಯಾನ್ ತಿರುಗೋದು ನನಗೆ ಅಲ್ಲಿಗೇ ಕೇಳಿಸ್ತು.

"ಈಗ ನಾ ಕೇಳ್ತೀನಿ" ಅಂದ್ಲು ಅಕ್ಕ. "ನಮ್ ಉಡ್ಗೀನ ಎಂಗ್ ಮಡಿಕತೀರ?"

ಮೇಡಂ ಪಾಪ, ಇದ್ದಿದ್ದು ಹೇಳಿದ್ರು. "ಊರೂರು ತಿರುಗ್ಬೇಕಾಗುತ್ತಮ್ಮ. ಮನೆ ಅವರೇ ಮಾಡ್ಕೋಬೇಕು. ಮೊದಲು ಒಂದು ವರ್ಷಕ್ಕೆ ತಗೋತೀವಿ. ಹೊಂದ್ಕೊಂಡ್ರೆ ಇನ್ನೊಂದು ವರ್ಷ ಮುಂದುವರಿಸ್ತೀವಿ. ಇಲ್ಲಾಂದ್ರೆ ಅಲ್ಲಿಗೆ ಮುಗೀತು."

"ಒಂದ್ ವರ್ಸಕ್ಕಾ?"

"ಹೌದಮ್ಮ. ಈ ಸಲ ಇವರ ಥರ ಒಟ್ಟು ನಾಲ್ಕು ಜನಾನ ತಗೋತಾ ಇದೀವಿ."

ಅಕ್ಕ ಎದ್ದು ನಿಂತ್ಲು. ಸೆರಗು ಸೊಂಟಕ್ಕೆ ಸಿಗಿಸ್ಕೊಂಡ್ಲು.

"ನಾಕ್ ಜನಾನಾ! ಕಂಟ್ರಾಕ್ಟ್ ಮೇಲಾ! ಹೆಂಗಸಾಗಿ ಇಂಥಾ ಮಾತಾಡಾಕೆ ನಾಚ್ಕೆ ಆಗಾಕಿಲ್ವಾ ನಿಂಗೆ? ನಮ್ ಉಡ್ಗಿ ಯಾರು ಅನ್ಕಂಡಿದೀಯ? ಲಾಯ್ರು! ಮೂರ್ ದಿನ ಗೇಟಲ್ಲಿ ಕೂತಿದ್ಲಲ್ಲ, ಅವ್ಳೇ! ಕಂಟ್ರಾಕ್ಟರ್ರು ಆಳು ಕಳ್ಸಿ ಎದ್ರಿಸ್ದ, ಏಳ್ನಿಲ್ಲ. ನಮ್ಮನ್ನ ಕೆಲಸದಿಂದ ತೆಗಿತೀನಿ ಅಂದ. ತೆಗಿ, ಯಾಕೆ ಅಂತ ಕಾಗದದಾಗೆ ಬರ್ಕೊಡು ಅಂತ ಪೆನ್ನು ಚಾಚಿದ್ಲು. ಪೆನ್ನು ಮುಟ್ನಿಲ್ಲ ಅವ್ನು, ಬೀಗ ತೆಗ್ದ. ಹದಿನೈದ್ ಜನ ಬಾಯ್ ಸತ್ತೋರಿದ್ವಿ, ಮಾತಾಡೋದ್ ಕಲ್ಸಿದ್ದು ಅವ್ಳು. ಇನ್ನೊಂದ್ ಸಲ ಫೋನ್ ಮಾಡು, ನೀವ್ ಮೂರೂ ಜನಕ್ಕೂ ನೋಟೀಸ್ ಕಳಿಸ್ತೀವಿ!"

ಫೋನ್ ಕಟ್ ಮಾಡಿದ್ಲು.

ಗೆಳತಿ ಓಡಿ ಬಂದ್ಲು. "ಏನಾಯ್ತು ಅಕ್ಕ?"

"ಆ ಸಂಬಂಧ ಬ್ಯಾಡ ಕಣವ್ವ. ಕೆಟ್ಟ ಜನ. ಬುಡಿಸ್ಬುಟ್ಟೆ."

ಒಂದು ವಾರ ಗೆಳತಿ ನನ್ನ ಜೊತೆ ಮಾತಾಡ್ಲಿಲ್ಲ. ಎಂಟನೇ ದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೀತಿದ್ದೆ, ಮೊಬೈಲ್ ಹಿಡ್ಕೊಂಡು ಬಂದ್ಲು. ಟ್ರಸ್ಟಿನ ಮೇಲ್. ನಾಲ್ಕು ಜನರಲ್ಲಿ ಮೊದಲನೇ ಹೆಸರು ಅವಳದೇ. ಕೆಳಗೆ ಬರೆದಿದ್ರು: ಇಷ್ಟು ವರ್ಷದಲ್ಲಿ ನಾವು ಕೇಳಿದ ಅತ್ಯುತ್ತಮ ಶಿಫಾರಸು ಇದು, ಆದರೆ ದಯವಿಟ್ಟು ನೋಟೀಸ್ ಕಳಿಸಬೇಡಿ. ಜೊತೆಗೆ ಇನ್ನೊಂದು ಸಾಲು. ಮುಂದಿನ ವರ್ಷದಿಂದ ಅಭ್ಯರ್ಥಿಗಳನ್ನ ಆರಿಸೋ ಸಮಿತೀಲಿ ಆ ಅಮ್ಮ ಕೂತ್ಕೋತಾರಾ, ಕೇಳಿ ತಿಳಿಸಿ.

ಚಿರೋಟಿ ಕಟ್ಟಿಸ್ಕೊಂಡು ಛತ್ರಕ್ಕೆ ಹೋಗಿ ಅಕ್ಕನಿಗೆ ಮೊದಲಿಂದ ಎಲ್ಲಾ ಬಿಡಿಸಿ ಹೇಳಿದ್ವಿ. ಇದು ಮದುವೆ ಅಲ್ಲ, ಕೆಲಸ. ಅವರು ಗಂಡಿನ ಕಡೆಯವರಲ್ಲ, ಟ್ರಸ್ಟಿನವರು. ಈಗ ನಿಮ್ಮನ್ನೂ ಕರೀತಾ ಇದಾರೆ.

ಅಕ್ಕ ಚಿರೋಟಿ ಮುರಿದು ಬಾಯಿಗೆ ಹಾಕ್ಕೊಂಡು, ನಿಧಾನವಾಗಿ ಅಗಿದು, ಯೋಚನೆ ಮಾಡಿ ಹೇಳಿದ್ಲು:

"ಒಂದ್ ವರ್ಸಕ್ಕಾದ್ರೆ ಆಗಾಕಿಲ್ಲ ಅನ್ನು. ಪರ್ಮನೆಂಟ್ ಮಾಡಿದ್ರೆ ಬತ್ತೀನಿ."