ಕಾರವಾರದ ಬೀಗಿತ್ತಿ

ಸುಳ್ಳು ಹೇಳುವುದು ಅಷ್ಟೇನೂ ಕಷ್ಟವಲ್ಲ. ಹೇಳಿದ ಮೇಲೆ ಅದನ್ನು ಎಲ್ಲಿ ಇಳಿಸಿ ಬರುವುದು ಎಂಬುದೇ ಕಷ್ಟ. ನಾನು ಕಲಿತದ್ದು ಗಂಗಾವತಿಯ ಕಾನ್ವೆಂಟಿನಲ್ಲಿ. ನನ್ನ ಜೊತೆ ಓದುತ್ತಿದ್ದ ಸ್ಟೆಲ್ಲಾ ಶನಿವಾರ ಬಂತೆಂದರೆ ಚರ್ಚಿನ ಮೂಲೆಯ ಮರದ ಗೂಡಿನ ಮುಂದೆ ಮೊಣಕಾಲೂರಿ, ವಾರದ ಸುಳ್ಳುಗಳನ್ನೆಲ್ಲ ಪಾದ್ರಿಗಳ ಕಿವಿಗೆ ಸುರಿದು, ಹಗುರಾಗಿ ಹೊರಬಂದು ಪೇರಲಹಣ್ಣು ಕಚ್ಚುತ್ತಿದ್ದಳು. ನಾವು ಹಿಂದೂ ಹುಡುಗಿಯರು ನಮ್ಮ ಸುಳ್ಳುಗಳನ್ನು ಟಿಫಿನ್ ಡಬ್ಬಿಯ ಜೊತೆಗೇ ಮನೆಗೆ ಒಯ್ಯಬೇಕಿತ್ತು. ಅದೊಂದು ಅನ್ಯಾಯವೆಂದು ಆಗಲೇ ನನಗೆ ಅನ್ನಿಸಿತ್ತು. ಈಗ ನಲವತ್ತೇಳರ ವಯಸ್ಸಿನಲ್ಲಿ, ಕುಷ್ಟಗಿಯ ಸೊಸೆಯಾಗಿ, ಓಣಿಯಲ್ಲೆಲ್ಲ 'ಮೆತ್ತನ ಮಾತಿನಾಕಿ' ಎಂದು ಹೆಸರು ಪಡೆದ ಮೇಲೆ ನಾನೊಂದು ಸುಳ್ಳು ಹೇಳಿದೆ. ಗೂಡು ಎಲ್ಲಿಯೂ ಸಿಗದ ಕಾರಣ ನಿಮ್ಮ ಮುಂದೆ ಮೊಣಕಾಲೂರಿದ್ದೇನೆ.

ತಪ್ಪು ಶುರುವಾದದ್ದು ನಮ್ಮ ಮನೆಯವರಿಂದ. ಅವರ ಗೆಳೆಯರೊಬ್ಬರು ಕಾರವಾರದವರು, ಇಲ್ಲಿ ನೌಕರಿಯಲ್ಲಿದ್ದರು. ವರ್ಗವಾಗಿ ಮರಳಿ ಊರಿಗೆ ಹೊರಟಾಗ, 'ಸಮುದ್ರ ಇರೋ ಊರಿಗೆ ಸಮುದ್ರ ಹೊತ್ತುಕೊಂಡು ಯಾಕೆ ಹೋಗಲಿ' ಎಂದು ತಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂ ಅನ್ನು ನಮಗೆ ಪುಕ್ಕಟೆ ಕೊಟ್ಟರು. ಪುಕ್ಕಟೆ ಎಂದರೆ ನಮ್ಮವರು ಚೇಳನ್ನೂ ಜೇಬಿಗೆ ಹಾಕಿಕೊಳ್ಳುವ ಜಾತಿ. ತೊಟ್ಟಿಯ ಜೊತೆ ಅದರೊಳಗಿನ ಜೀವವೂ ಬಂತು: ಮೊರೆ ಈಲ್ ಎಂಬ ಹಾವುಮೀನು. ಎರಡಡಿ ಉದ್ದ, ಬಿಳಿಯ ಮೈ, ಅದರ ಮೇಲೆ ಮಸಿ ಸಿಡಿಸಿದಂಥ ಚುಕ್ಕಿ, ಅಲ್ಲಲ್ಲಿ ಅರಿಸಿನ ಕೈ ಒರೆಸಿದಂತೆ ಹಳದಿ. ದಿನವಿಡೀ ಒಂದು ಪೈಪಿನ ತುಂಡಿನಿಂದ ಮೋರೆ ಹೊರಗೆ ಹಾಕಿ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಅದು ಉಸಿರಾಡುವುದೇ ಹಾಗಂತೆ. ನೋಡಿದವರಿಗೆ ಮಾತ್ರ ಏನೋ ಬಹಳ ಮುಖ್ಯವಾದದ್ದನ್ನು ಹೇಳಲು ಹೊರಟು, ಬೇಡವೆಂದು ಸುಮ್ಮನಾದಂತೆ ಕಾಣುತ್ತದೆ. ಹೊಟ್ಟೆಗೆ ಸೀಗಡಿಯೇ ಬೇಕು. ಮನೆಯ ಮಂದಿಗೆ ಒಮ್ಮೆಯೂ ಸೀಗಡಿ ಸಾರು ಮಾಡದ ನಾನು, ಇದಕ್ಕೆ ಸಿಪ್ಪೆ ಬಿಡಿಸಿ, ಬಾಲ ತೆಗೆದು, ಉದ್ದನೆಯ ಇಕ್ಕಳದಲ್ಲಿ ಹಿಡಿದು ಬಾಯಿಗೆ ಇಡುತ್ತೇನೆ. ಕಣ್ಣು ಮಂದ, ಒಮ್ಮೊಮ್ಮೆ ಸೀಗಡಿ ಬಿಟ್ಟು ಇಕ್ಕಳವನ್ನೇ ಕಚ್ಚಿ, ನಾನೇ ಮೋಸ ಮಾಡಿದೆನೇನೋ ಎಂಬಂತೆ ನೋಡುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸಾಧ್ವಿಯಾಗಿಯೇ ಇರುತ್ತಿದ್ದೆ. ಆದರೆ ಬೇಸಿಗೆ ಬಂತು. ನೀರು ಕಾದರೆ ಅದು ಸತ್ತೀತೆಂದು ಮನೆಯ ಒಂದೇ ಒಂದು ಕೂಲರನ್ನು ಅತ್ತೆಯವರ ಮಂಚದ ಬಳಿಯಿಂದ ಒಳಕೋಣೆಯ ತೊಟ್ಟಿಯ ಬಳಿಗೆ ಸಾಗಿಸಿದೆವು. ಅತ್ತೆಯವರು ಮಂಚವನ್ನೂ ಹಿಂದೆಯೇ ಎಳೆಸಿದರು. ಕೂಲರಿನ ಗಾಳಿಗೆ ತೊಟ್ಟಿಯ ನೀರು ದಿನದಿನವೂ ಇಳಿಯತೊಡಗಿತು. ಹಾರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದಷ್ಟು ಶುದ್ಧ ಸಿಹಿನೀರನ್ನೇ ತುಂಬಬೇಕು. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸುವಾಗಲೂ ಅದೇ ಸಿಹಿನೀರಿಗೆ ಅಳತೆ ಮಾಡಿ ಸಮುದ್ರದ ಉಪ್ಪು ಕಲಸಬೇಕು. ನಮ್ಮ ಬೋರಿನ ನೀರನ್ನು ಬಾಯಿಗೆ ಹಾಕಿಕೊಂಡರೆ ಸಮುದ್ರವೇ ನಾಚಬೇಕು. ಅತ್ತೆಯವರು ಒಂದು ಬೆರಳು ಬೋರಿನ ನೀರಿಗೆ, ಇನ್ನೊಂದು ತೊಟ್ಟಿಗೆ ಅದ್ದಿ ನೆಕ್ಕಿ ನೋಡಿ ತೀರ್ಪು ಕೊಟ್ಟರು: "ಇದೂ ಉಪ್ಪ, ಅದೂ ಉಪ್ಪ. ಉಪ್ಪಿನ್ಯಾಗೂ ಮ್ಯಾಲ ಕೆಳಗ ಐತೇನು? ಬೋರಿನ ನೀರ ಸುರಿ, ಸುಮಾ."

"ಆ ಉಪ್ಪ ಬ್ಯಾರೆ ಅಂತ್ರಿ ಅತ್ತಿ. ಬೋರಿನ ನೀರ ಹಾಕಿದ್ರ ಸಾಯ್ತೈತಂತ."

"ನಾವು ಐವತ್ತ ವರ್ಷ ಕುಡದೀವಿ. ಸತ್ತೀವೇನು?"

ಅಂತೂ ಓಣಿಯ ತುದಿಯ ಶುದ್ಧ ನೀರಿನ ಘಟಕವೇ ಗತಿ. ಬೇಸಿಗೆಯಲ್ಲಿ ಅದು ಬೆಳಿಗ್ಗೆ ಎರಡೇ ತಾಸು ನಡೆಯುವುದರಿಂದ ಹೆಂಗಸರೇ ಒಂದು ಕಾನೂನು ಮಾಡಿಕೊಂಡಿದ್ದರು: ಮನೆಗೆ ಎರಡು ಕ್ಯಾನು, ಬೀಗರು ನೆಂಟರು ಬಂದ ಮನೆಗೆ ಮೂರು. ಕಾನೂನಿನ ಕಾವಲು ಎರಡು ಮನೆ ಆಚೆಯ ಶಾಂತಕ್ಕನದು. ಅವರನ್ನು ಯಾರೂ ನೇಮಿಸಿರಲಿಲ್ಲ. ಯಾರೂ ತೆಗೆಯುವ ಧೈರ್ಯವನ್ನೂ ಮಾಡಿರಲಿಲ್ಲ. ಮಂದಿ ಕುಡಿಯುವ ನೀರಿಗೆ ಬಿಸಿಲಲ್ಲಿ ಪಾಳಿ ಹಚ್ಚಿರುವಾಗ, 'ನನಗೊಂದು ಕ್ಯಾನು ಹೆಚ್ಚು ಬೇಕು, ಮನೆಯ ಮೀನಿಗೆ' ಎಂದು ಹೇಗೆ ಹೇಳಲಿ? ಹೇಳದಿದ್ದರೆ ಅದು ಸಾಯುತ್ತದೆ. ನನ್ನ ಕೈಯಿಂದ ತಿಂದ ಪ್ರಾಣಿ. ಮೂರನೆಯ ಕ್ಯಾನು ನಳದ ಕೆಳಗಿಟ್ಟು, "ಮನಿಗೆ ಬೀಗರು ಬಂದಾರ್ರಿ ಅಕ್ಕಾರ" ಎಂದುಬಿಟ್ಟೆ.

"ಯಾವೂರಿನವರು?" ಶಾಂತಕ್ಕ ಕೇಳಿದರು.

"ಕಾರವಾರ ರೀ."

ನೋಡಿ, ಇಲ್ಲಿಂದ ಮುಂದೆ ನಾನು ಆಡಿದ್ದೆಲ್ಲ ಸತ್ಯ. ಕಾನ್ವೆಂಟಿನ ಶಿಕ್ಷಣ ಅಷ್ಟು ಬೇಗ ಹೋಗುವುದಿಲ್ಲ. ಒಬ್ಬರೇ ಬಂದಾರೋ? ಒಬ್ಬರೇ. ಹೊರಗೆ ಯಾಕ ಕಾಣವಲ್ಲರು? ಬಿಸಿಲು ತಡೆಯೂದಿಲ್ಲ, ಕೂಲರ್ ಮುಂದ ಇರ್ತಾರ. ರೊಟ್ಟಿ ತಿಂತಾರೋ? ಇಲ್ಲ, ಬರೇ ಸೀಗಡಿ. ಕಣ್ಣು? ಮಂಜು. ಮಾತು? "ಬಾಯಿ ತೆರೀತಾರ್ರಿ, ಮಾತು ಹೊರಗ ಬರೂದಿಲ್ಲ."

ಶಾಂತಕ್ಕನ ಮುಖ ಒಮ್ಮೆಲೇ ಮೆತ್ತಗಾಯಿತು. "ಅಯ್ಯ ಯವ್ವಾ! ಬೀಗಿತ್ತಿಗೆ ಲಕ್ವಾ ಹೊಡದೈತಿ ಹಂಗಾರ."

ಇಲ್ಲ ಎನ್ನಲು ಬಾಯಿ ತೆರೆದೆ. ಹಿಂದಿನವರು "ಸರೀರೀ, ನೀರ ಚೆಲ್ಲಾಕತ್ತಾವು" ಎಂದರು. ಬಾಯಿ ಮುಚ್ಚಿದೆ. ನನ್ನ ಪಾಪದಲ್ಲಿ ದೊಡ್ಡದು ಆ ಮುಚ್ಚಿದ ಬಾಯಿಯೇ.

ನಮ್ಮ ಕಡೆ ಒಂದು ರೀತಿ ಇದೆ. ಒಬ್ಬರ ಮನೆಗೆ ಬಂದ ನೆಂಟರು ಇಡೀ ಓಣಿಗೇ ನೆಂಟರು. ಚಹಾಕ್ಕೆ ಕರೆಯಬೇಕು, ಹೆಂಗಸಾದರೆ ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಬೇಕು. ಇದನ್ನು ಮರೆತು ಒಂದು ವಾರ ಮೂರು ಕ್ಯಾನು ತಂದು ಸುಖವಾಗಿದ್ದೆ. ಶುಕ್ರವಾರ ಶಾಂತಕ್ಕ ತಲೆಯ ತುಂಬ ಸೆರಗು ಹೊದ್ದು, ಕೈಯಲ್ಲಿ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಾಟಿನಲ್ಲಿ ಉಡಿಯ ಸಾಮಾನಿನ ಜೊತೆ ಒಂದು ಬಾಟಲಿ ಎಣ್ಣೆ. "ನಡದು ಬರಾಕ ಆಗೂದಿಲ್ಲ ಪಾಪ, ನಾನ ಬಂದೆ. ಇದು ಲಕ್ವಾದ ಎಣ್ಣಿ. ಹಿಟ್ನಾಳದಾಗ ಒಬ್ಬರು ಕೊಡ್ತಾರ, ನಮ್ಮ ತಮ್ಮನ್ನ ಕಳಿಸಿ ತರಿಸೀನಿ. ದವಡಿಗೆ ತಿಕ್ಕಿದ್ರ ಮಾತು ಬರ್ತಾವು."

ಸುಳ್ಳಿನ ಸುದ್ದಿಯೇ ಗೊತ್ತಿರದ ನಮ್ಮ ಅತ್ತೆ ಒಳಗಿನಿಂದ ಬಂದು, "ಯಾರಿಗಬೇ ಲಕ್ವಾ?" ಎಂದರು.

"ನಿಮ್ಮ ಬೀಗಿತ್ತಿಗೆ ದೊಡ್ಡವ್ವಾರ. ಕಾರವಾರದಾಕಿ. ಕೂಲರ್ ಮುಂದ ಇರ್ತಾಳಂತ, ಬಾಯಿ ತೆರೀತಾಳಂತ, ಮಾತ ಬರೂದಿಲ್ಲಂತ."

ಅತ್ತೆ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದ ಇಕ್ಕಳ ನೋಡಿದರು. ಅವರ ಎಡಗಡೆಯ ಕೆನ್ನೆ ಒಮ್ಮೆ ಕುಣಿಯಿತು. "ಓ, ಆಕೀನಾ? ಒಳಗ ಅದಾಳ, ಬಾ. ಉಡಿ ತುಂಬು."

ಮೂವರೂ ತೊಟ್ಟಿಯ ಮುಂದೆ ನಿಂತೆವು. ಕೂಲರ್ ಗುರುಗುಡುತ್ತಿತ್ತು. ಪೈಪಿನಿಂದ ಹಾವುಮೀನು ಮೋರೆ ಹಾಕಿ, ಬಂದವರನ್ನು ಮಾತಾಡಿಸುವಂತೆ ಬಾಯಿ ತೆರೆಯಿತು, ಮುಚ್ಚಿತು. ಶಾಂತಕ್ಕ ಅದನ್ನು ನೋಡಿದರು, ನನ್ನನ್ನು ನೋಡಿದರು, ತಾಟಿನೊಳಗಿನ ಎಣ್ಣೆ ನೋಡಿದರು. ನಾಳೆ ಪಾಳಿಯಲ್ಲಿ ನನ್ನ ಹೆಸರು ಏನಾಗುತ್ತದೆಂದು ನೆನೆದೆ. ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಕೊಂಡೆ: ನೀರು ಇಳಿಯುವುದು, ಮೂರನೆಯ ಕ್ಯಾನು, ಮುಚ್ಚಿದ ಬಾಯಿ, ಎಲ್ಲ. ಕೊನೆಗೆ ಅಳುವೂ ಬಂತು.

ಶಾಂತಕ್ಕ ಅತ್ತೆಯವರ ಮಂಚದ ಮೇಲೆ ಕೂತುಬಿಟ್ಟರು. ನಗು ಹೊಟ್ಟೆಯಿಂದ ಮೇಲೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. "ಅಲ್ಲಬೇ, ಕೂಲರ್ ಬಿಟ್ಟ ಏಳೂದಿಲ್ಲ, ಬಾಯಿ ಮುಚ್ಚಿ ಕುಂದ್ರೂದಿಲ್ಲ, ಓಣಿ ಮಂದಿ ಕುಡಿಯೂ ನೀರಾಗ ಮೈ ತೊಳಕೊಂತಾಳ, ಸಿಪ್ಪಿ ಬಿಡಿಸಿ ಬಾಯಾಗ ಇಡಬೇಕು. ಇಕಿ ಬೀಗಿತ್ತಿ ಅಲ್ಲಂದ್ರ ಮತ್ತ್ಯಾರು? ನಮ್ಮನಿಗೆ ಬಂದಾಕಿನೂ ಥೇಟ್ ಹಿಂಗ ಇದ್ಲು. ಮೈಮ್ಯಾಲ ಚುಕ್ಕಿ ಇರಲಿಲ್ಲ, ಅಷ್ಟ."

ಆಮೇಲೆ ಕಣ್ಣೊರೆಸಿಕೊಂಡು ಎದ್ದರು. "ತಂದ ಉಡಿ ತಿರುಗಿ ಒಯ್ಯಾಕ ಬರೂದಿಲ್ಲ. ಕುಂದ್ರು ತಂಗಿ." ತೊಟ್ಟಿಯ ಮುಂದೆಯೇ ಮಣೆಯ ಮೇಲೆ ಕೂತು ಸೆರಗೊಡ್ಡಿದೆ. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಕುಪ್ಪಸದ ಕಣ ಬಿತ್ತು. ಗಿಳಿಹಸಿರು ಬಣ್ಣ, ಅಂಚಿನಲ್ಲಿ ನೀಲಿ ಬಾಲ್‌ಪೆನ್ನಿನ ಒಂದು ಸಣ್ಣ ಗೀರು. ಹೋದ ದೀಪಾವಳಿಗೆ ನಾನೇ ಶಾಂತಕ್ಕನಿಗೆ ಕೊಟ್ಟ ಕಣ. ಅದಕ್ಕೂ ಮೊದಲು ಅದು ನನಗೆ ಯಲಬುರ್ಗಾದ ನಾದಿನಿಯಿಂದ ಬಂದಿತ್ತು. ಕಣವಾಗಲಿ ಸುಳ್ಳಾಗಲಿ ಊರು ಸುತ್ತಿ ಕೊಟ್ಟವರ ಉಡಿಗೇ ಬರುತ್ತದೆ. ಆದರೆ ಸಿಕ್ಕಿಬಿದ್ದ ಕಳ್ಳಿ ಬೇರೆಯವರ ಗುಟ್ಟು ಎತ್ತಬಾರದೆಂದು ಗೀರು ಕಾಣದಂತೆ ಸೆರಗು ಮಡಚಿಕೊಂಡೆ.

ಹೋಗುವಾಗ ಶಾಂತಕ್ಕ ಗಾಜಿನ ಮೇಲೂ ಒಂದು ಬೊಟ್ಟು ಕುಂಕುಮ ಹಚ್ಚಿದರು. ನಮ್ಮವರು ಗಾಜು ಒರೆಸುವಾಗ ಈಗಲೂ ಅದನ್ನು ಸುತ್ತುಬಳಸಿ ಒರೆಸುತ್ತಾರೆ. "ಈ ಎಣ್ಣಿ?" ಎಂದು ಕೇಳಿದೆ. "ನೀನ ಹಚ್ಚಿಕೋ. ಒಂದ ವಾರ ಸುಳ್ಳ ಹೇಳಿ ದವಡಿ ನೊಂದಿರಬೇಕು."

ಮರುದಿನ ಪಾಳಿಯಲ್ಲಿ ನಾನು ಎರಡೇ ಕ್ಯಾನು ಇಟ್ಟೆ. ಶಾಂತಕ್ಕ ಎಲ್ಲರಿಗೂ ಕೇಳುವಂತೆ, "ಮೂರನೇದು ಎಲ್ಲಿ? ಅವರ ಬೀಗಿತ್ತಿ ಇನ್ನೂ ಹೋಗಿಲ್ಲ, ನಾ ಕಣ್ಣಾರೆ ನೋಡಿ ಬಂದೀನಿ" ಎಂದರು. ಅದಕ್ಕೆ ಪ್ರತಿಯಾಗಿ ಈಗ ಶುಕ್ರವಾರ ಶುಕ್ರವಾರ ನಮ್ಮ ಮನೆಗೆ ಬಂದು, ಕೂಲರಿನ ಗಾಳಿಗೆ ಕೂತು, ತಮ್ಮ ಬೀಗಿತ್ತಿಗೆ ಹೇಳಲಾಗದೆ ಉಳಿದ ಮಾತುಗಳನ್ನೆಲ್ಲ ಹಾವುಮೀನಿಗೆ ಹೇಳಿ, ಹಗುರಾಗಿ ಎದ್ದು ಹೋಗುತ್ತಾರೆ. ಜೊತೆಗೆ ಪೇರಲಹಣ್ಣೊಂದು ಇಲ್ಲ, ಅಷ್ಟೆ.

ಹೋದ ವಾರ ನನ್ನ ತಾಯಿ ಗಂಗಾವತಿಯಿಂದ ಬಂದರು. ಖರೆ ನೆಂಟರು, ಎರಡು ಬ್ಯಾಗು ಸಮೇತ. ಬೀಗರ ಪಾಲಿನ ಕ್ಯಾನು ಆಗಲೇ ಒಬ್ಬರ ಹೆಸರಿನಲ್ಲಿ ಇರುವುದರಿಂದ, ಇವರು ಬಂದ ಸುದ್ದಿಯನ್ನು ಪಾಳಿಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ನಾಲ್ಕನೆಯ ದಿನ ಅವ್ವ ಒಳಕೋಣೆಯಲ್ಲಿ ಕೂಲರಿನ ಗಾಳಿಗೆ ಕೂತು ಕೇಳಿದರು: "ಅಲ್ಲ ಸುಮಾ, ನಾ ಬಂದು ಇಷ್ಟ ದಿನಾ ಆತು. ನಿಮ್ಮ ಓಣ್ಯಾಗ ಒಬ್ಬಾಕಿನೂ ಉಡಿ ತುಂಬಾಕ ಬರವಲ್ಲಳಲ್ಲ? ಏನ ರೀತಿನೋ ಏನೋ."

ನಾನು ಬಾಯಿ ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ. ಕುಂಕುಮದ ಬೊಟ್ಟಿನ ಆಚೆಗೂ ಅದೇ ನಡೆದಿತ್ತು.