ಕಂದೀಲು ಒಂದೂರಲ್ಲಿ, ಗಾಜು ಇನ್ನೊಂದೂರಲ್ಲಿ

ಕೈಗೆ ಬಂದ ವ್ಯಾಪಾರವನ್ನು ಕೆಡಿಸುವ ವಿದ್ಯೆಯಲ್ಲಿ ನಮ್ಮ ಭಾವನವರನ್ನು ಮೀರಿಸುವವರು ನಮ್ಮ ಸೀಮೆಯಲ್ಲೇ ಇರಲಿಲ್ಲ. ಐದು ಊರಲ್ಲಿ ಐದು ಅಂಗಡಿ ಹಾಕಿದ ಮನುಷ್ಯ ವ್ಯಾಪಾರ ಕೆಡಿಸುತ್ತಾರೆಯೇ ಅಂತ ನೀವು ಕೇಳಬಹುದು. ಅದೇ ನೋಡಿ ತಮಾಷೆ! ಅಂಗಡಿ ಹಾಕುವುದರಲ್ಲೂ ಅವರೇ ಮುಂದೆ, ಕೆಡಿಸುವುದರಲ್ಲೂ ಅವರೇ ಮುಂದೆ.

ಭಾವನವರು ಎಂದರೆ ನನ್ನ ಗಂಡನ ದೊಡ್ಡಣ್ಣ. ತಾಯಿ ತಂದೆ ಬೇಗ ಹೋದರು. ನಾಲ್ವರು ತಮ್ಮಂದಿರನ್ನು ಸಾಕುವ ಗದ್ದಲದಲ್ಲಿ ಇವರು ತಾವು ಮದುವೆಯಾಗುವುದನ್ನೇ ಮರೆತರು. ಮೊದಲ ಅಂಗಡಿ ಕೊಟ್ಟೂರಿನದು. ಸೂಜಿ, ದಾರ, ಸೋಪು, ಮುಖಕ್ಕೆ ಹಚ್ಚುವ ಸ್ನೋ, ಸ್ಟೀಲ್ ಡಬ್ಬಿ, ಕೊಡೆ, ಕಂದೀಲು, ಎಲ್ಲ ಒಂದೇ ಸೂರಿನಡಿ. ದಾವಣಗೆರೆಯಲ್ಲಿ ಎಲ್ಲೋ ನೋಡಿಕೊಂಡು ಬಂದು 'ಡಿಪಾರ್ಟ್‌ಮೆಂಟ್ ಸ್ಟೋರ್ಸ್' ಎಂದು ದಪ್ಪ ಅಕ್ಷರದ ಬೋರ್ಡು ಬೇರೆ ಬರೆಸಿದರು. ಚಿಗಟೇರಿ ಕಡೆಯ ಯಜಮಾನರೊಬ್ಬರು ಅದನ್ನು ಸರ್ಕಾರಿ ಆಫೀಸೆಂದೇ ತಿಳಿದು, ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದುಕೊಂಡು ಒಳಗೆ ಬಂದರಂತೆ.

"ಸಾಹೇಬ್ರು ಅದಾರೇನ್ರಿ?"

"ಅದಾರ, ಬರ್ರಿ, ಕುಂದರ್ರಿ," ಎಂದರು ಭಾವನವರು. ಕೂರಿಸಿ, ಚಹಾ ತರಿಸಿ, ಅವರ ಹೊಲ, ಕುರಿ, ಮೊಮ್ಮಕ್ಕಳು, ಎಲ್ಲದರ ಸುದ್ದಿ ಕೇಳಿ, ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಬಂದರು. ಒಂದು ಸೋಪಾದರೂ ಮಾರಿದರೇ? ಊಹೂಂ! ಮಾತಿಗೆ ಜನ ಸಿಕ್ಕರೆ ಅವರಿಗೆ ಅಂಗಡಿಯ ಪರಿವೆಯೇ ಇರುತ್ತಿರಲಿಲ್ಲ.

ಅಂಗಡಿಗಳು ಬೆಳೆದ ಬಗೆಯೂ ವಿಚಿತ್ರವೇ. ತಮ್ಮನೊಬ್ಬನ ಮದುವೆಯಾಯಿತೆಂದರೆ ಹೊಸ ಊರಲ್ಲಿ ಹೊಸ ಅಂಗಡಿ! ಒಂದೇ ಅಂಗಡಿಯಲ್ಲಿ ಅಣ್ಣತಮ್ಮಂದಿರೆಲ್ಲ ಕೂತರೆ ಇವತ್ತಲ್ಲ ನಾಳೆ ಜಗಳವಾಗುತ್ತದೆಂದು ಅವರಿಗೆ ಭಯ. ಹಾಗಾಗಿ ಎರಡನೆಯವರು ಕೂಡ್ಲಿಗಿಗೆ ಹೋದರು, ಮೂರನೆಯವರು ಹಗರಿಬೊಮ್ಮನಹಳ್ಳಿಗೆ, ನಾಲ್ಕನೆಯವರು ಹಡಗಲಿಗೆ. ಎಲ್ಲ ಮನೆಗಳಲ್ಲೂ ಮದುವೆಯಾದರೆ ಹೆಣ್ಣು ತವರು ಬಿಡುತ್ತಾಳೆ. ಈ ಮನೆಯಲ್ಲಿ ಗಂಡೂ ಬಿಡಬೇಕು! ಕೊನೆಗೆ ಉಳಿದವರು ನನ್ನ ಗಂಡ. ನಾನು ಸೊಸೆಯಾಗಿ ಬಂದಾಗ ಕೊಟ್ಟೂರಿನ ಆ ದೊಡ್ಡ ಮನೆಯಲ್ಲಿ ಇದ್ದದ್ದು ನಾವು ಮೂವರೇ.

ಹಿರಿಯ ಭಾವ ತಮ್ಮನ ಹೆಂಡತಿಯನ್ನು ಎದುರು ನೋಡಿ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಹಾಗೆಂದು ಭಾವನವರು ಮಾತಾಡದೆ ಇರುವವರೇ? ನಡುಮನೆಯ ಕಂಬದೊಡನೆ ಮಾತಾಡುತ್ತಿದ್ದರು. "ಇವತ್ತಿನ ಎಣ್ಣೆಗಾಯಿ ಭಾಳ ಚಲೋ ಆಗ್ಯಾವು," ಎಂದು ಕಂಬವನ್ನು ಹೊಗಳುವರು. "ಒಂದ್ ತಂಬಿಗಿ ನೀರು ಸಿಗತಾವೇನು?" ಎಂದು ಕಂಬವನ್ನೇ ಕೇಳುವರು. ಬಾಗಿಲ ಹಿಂದಿನಿಂದ ನಾನು ಕಂಬದ ಪರವಾಗಿ ಉತ್ತರ ಕೊಡುತ್ತಿದ್ದೆ. ಹೊಸದರಲ್ಲಿ ನಗು ಬಂದು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಆಮೇಲೆ ಆ ಕಂಬದ ಕಡೆಯಿಂದ ಮಾತು ಬಾರದಿದ್ದರೆ ನನಗೇ ಬೇಸರ.

ವರ್ಷ ತುಂಬುವುದರೊಳಗೆ ಹರಪನಹಳ್ಳಿಯಲ್ಲಿ ಐದನೆಯ ಅಂಗಡಿ ಆಯಿತು. ಗಂಟುಮೂಟೆ ಕಟ್ಟಿಕೊಂಡು ನಾವು ಹೊರಟು ನಿಂತಾಗ ಭಾವನವರು ಕಂಬಕ್ಕೆ ಹೇಳಿದರು: "ಇನ್ನ ಈ ಮನ್ಯಾಗ ನಾನೂ ನೀನೂ ಇಬ್ರ ನೋಡಪಾ." ನನ್ನ ಗಂಡ ನಕ್ಕರು. ನಾನೂ ನಕ್ಕೆ.

ಈಗ ವ್ಯಾಪಾರ ಕೆಡಿಸುವ ಕಥೆಗೆ ಬರೋಣ. ಐದೂ ಅಂಗಡಿಗೆ ಮಾಲು ತರಿಸಿ ಹಂಚುವವರು ಭಾವನವರೇ. ಹೇಗೆ ಹಂಚುತ್ತಿದ್ದರು ಗೊತ್ತೇ? ಕಂದೀಲು ಹರಪನಹಳ್ಳಿಗೆ, ಅದರ ಗಾಜು ಕೊಟ್ಟೂರಿಗೆ! ಟಾರ್ಚು ಹಡಗಲಿಗೆ, ಸೆಲ್ಲು ಕೂಡ್ಲಿಗಿಗೆ. ಪೆನ್ನು ಒಂದು ಕಡೆ, ಇಂಕು ಮತ್ತೊಂದು ಕಡೆ. ಯಾವ ಅಂಗಡಿಯಲ್ಲೂ ಯಾವ ಸಾಮಾನೂ ಪೂರ್ತಿ ಇರಬಾರದು. ಹಿರೇಹಡಗಲಿಯ ಗಿರಾಕಿಯೊಬ್ಬ ಹರಪನಹಳ್ಳಿ ಸಂತೆಗೆ ಬಂದವನು ನಮ್ಮ ಅಂಗಡಿಯಲ್ಲಿ ಕಂದೀಲು ಹಿಡಿದುಕೊಂಡು ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ.

"ಅಲ್ರೀ ಸಾವ್ಕಾರ್ರ, ಗಾಜಿಲ್ಲದ ಕಂದೀಲು ಹಚ್ಚಿದ್ರ ನನ್ನ ಮೀಸಿ ಸುಡತೈತಿ. ಮೀಸಿ ಯಾವೂರಾಗ ಮಾರ್ತೀರಿ?"

ಅಂದು ನಮ್ಮಲ್ಲಿಗೇ ಬಂದಿದ್ದ ಭಾವನವರಿಗೆ ಸಿಟ್ಟು ಬರಬೇಡವೇ? ಹಿಗ್ಗಿ ಹೀರೇಕಾಯಿಯಾದರು! "ಸಿಟ್ಟಾಗಬ್ಯಾಡ್ರಿ, ನಾಳಿನ ಬಸ್ಸಿಗೆ ನಾನ ಗಾಜು ತರ್ತೀನಿ," ಎಂದರು. ತಂದೂ ತಂದರು. ಒಂದು ಗಾಜಿಗಾಗಿ ಹೋಗಿ ಬರುವ ಬಸ್ ಚಾರ್ಜು! ನನ್ನ ಗಂಡ ಹಣೆ ಚಚ್ಚಿಕೊಂಡರು. ಇದರಲ್ಲೇನೋ ದೊಡ್ಡ ವ್ಯಾಪಾರದ ಗುಟ್ಟಿರಬೇಕು, ಅಣ್ಣ ಸುಮ್ಮನೆ ಮಾಡುವವನಲ್ಲ ಎಂದು ಹಡಗಲಿ ಅಂಗಡಿಯ ನಾಲ್ಕನೆಯವರು ಬಹಳ ಕಾಲ ನಂಬಿದ್ದರು. ಪಾಪ!

ಬಸ್ಸಿನಲ್ಲಂತೂ ಭಾವನವರದು ರಾಜಮರ್ಯಾದೆ. ಗಾಜು ಒಡೆಯಬಾರದೆಂದು ಹುಲ್ಲಿನಲ್ಲಿಟ್ಟು, ಮೆತ್ತಗಿನ ಟವೆಲಿನಲ್ಲಿ ಸುತ್ತಿ, ಎದೆಗೆ ಅವಚಿ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದರು. ತುಂಬಿದ ಬಸ್ಸಿನಲ್ಲಿ ಹೆಂಗಸರು ಗಡಬಡಿಸಿ ಎದ್ದು ಜಾಗ ಕೊಡುವರು.

"ಕೂಸಿನ್ನ ಬಿಸಲಾಗ ಯಾಕ ತಂದೀಯೋ ಎಪ್ಪಾ? ಅದರವ್ವ ಎಲ್ಲಿ?"

ಭಾವನವರು ಒಮ್ಮೆಯಾದರೂ ಅದು ಕೂಸಲ್ಲ ಎಂದವರಲ್ಲ. "ಮಲಗೈತಿ," ಎಂದು ಟವೆಲನ್ನು ಇನ್ನಷ್ಟು ಹೊದಿಸಿ ಕೂತುಬಿಡುವರು. ಕಂಡಕ್ಟರು 'ಕೂಸಿನ ಸಾವ್ಕಾರ್ರು' ಎಂದೇ ಹೆಸರಿಟ್ಟಿದ್ದ. ನಮ್ಮಲ್ಲಿಗೆ ಬಂದರೆ ಊಟ ಮಾಡಿಯೇ ಹೋಗುತ್ತಿದ್ದರು. ಅಂಗಡಿ ಹಿಂದಿನ ನಮ್ಮ ಮನೆಯಲ್ಲಿ ಕಂಬವಿಲ್ಲ. ನೀರಿನ ಕೊಡದ ಕಡೆಗೆ ತಿರುಗಿ ಮಾತಾಡುವರು. ಕೂಡ್ಲಿಗಿಯ ಸುದ್ದಿ, ಹಡಗಲಿಯ ಸುದ್ದಿ, ಯಾವ ಓರಗಿತ್ತಿಗೆ ಕೆಮ್ಮು, ಯಾರ ಮಗುವಿಗೆ ಹಲ್ಲು ಬಂತು, ಎಲ್ಲವನ್ನೂ ಆ ಕೊಡಕ್ಕೆ ಒಪ್ಪಿಸಿ, ಸಂಜೆಯ ಬಸ್ಸಿಗೆ ಹೋಗುವರು.

ಗಿರಾಕಿಗಳ ಬೈಗುಳ ತಾಳಲಾರದೆ ತಮ್ಮಂದಿರೆಲ್ಲ ಒಂದು ಹಬ್ಬದ ದಿನ ಕೊಟ್ಟೂರಿನಲ್ಲಿ ಸೇರಿದರು. ಊಟಕ್ಕೆ ಕೂತಾಗ ನನ್ನ ಗಂಡನೇ ಬಾಯಿ ಬಿಟ್ಟರು.

"ಅಣ್ಣಾ, ಹುಬ್ಬಳ್ಳಿ ಏಜೆಂಟ ಎಲ್ಲಾ ಮಾಲು ವ್ಯಾನಿನಾಗ ತಂದು ಒಂದೊಂದು ಅಂಗಡಿ ಬಾಗಿಲಿಗೂ ಇಳಸ್ತಾನಂತ. ಇನ್ನ ಈ ವಯಸ್ಸಿನಾಗ ನೀ ಬಸ್ಸು ಹತ್ತಿ ಇಳಿಯೂದು ಬ್ಯಾಡ. ಆರಾಮ ಇರು."

"ಹಂಗಾರ ನಾ ಬರೂದು ಬ್ಯಾಡೇನು?"

"ಬ್ಯಾಡಣ್ಣ. ಯಾಕ ತ್ರಾಸು?"

ಎಲ್ಲರೂ ಪ್ರೀತಿಯಿಂದಲೇ ಹೇಳಿದ ಮಾತು. ಭಾವನವರು ತುತ್ತು ಕೈಯಲ್ಲಿ ಹಿಡಿದು ಸಾಲಾಗಿ ಕೂತ ತಮ್ಮಂದಿರನ್ನೆಲ್ಲ ಒಮ್ಮೆ ನೋಡಿದರು. "ಆತು," ಎಂದರು. ಕಂಬಕ್ಕೆ ಅವತ್ತು ಏನನ್ನೂ ಹೇಳಲಿಲ್ಲ.

ವ್ಯಾನು ಬಂತು. ಅಂಗಡಿ ತುಂಬಿತು. ಕಂದೀಲೂ ಇದೆ, ಗಾಜೂ ಇದೆ, ಬತ್ತಿಯೂ ಇದೆ! ಗಿರಾಕಿಗಳಿಗೆ ಖುಷಿ, ನನ್ನ ಗಂಡನಿಗೂ ಖುಷಿ. ಕೊಟ್ಟೂರಿನ ಬಸ್ಸು ದಿನವೂ ಬರುತ್ತಿತ್ತು, ಭಾವನವರು ಮಾತ್ರ ಬರುತ್ತಿರಲಿಲ್ಲ. ಕೆಲಸವಿಲ್ಲದೆ ತಮ್ಮನ ಮನೆಗೆ ಬಂದು ಊಟಕ್ಕೆ ಕೂರುವ ಪೈಕಿಯವರೇ ಅಲ್ಲ ಅವರು. ತಿಂಗಳುಗಳೇ ಕಳೆದವು. ನಾನು ಅಡುಗೆ ಮಾಡುತ್ತಾ ಆ ಕೊಡದ ಕಡೆ ನೋಡುತ್ತಿದ್ದೆ. ಒಂದು ದಿನ ಗಂಡ ಹೊರಗೆ ಹೋಗಿ ನಾನು ಅಂಗಡಿಯಲ್ಲಿದ್ದಾಗ, ಸೋಪು ಕೊಳ್ಳಲು ಬಂದ ಕಂಡಕ್ಟರು ಕೇಳಿದ:

"ಕೂಸಿನ ಸಾವ್ಕಾರ್ರು ಯಾಕ ಬರವಲ್ರು ಅಕ್ಕಾರ? ನಮ್ಮ ಬಸ್ಸು ಬಿಡೂ ಹೊತ್ತಿಗೆ ದಿನಾ ಕೊಟ್ಟೂರ ಸ್ಟ್ಯಾಂಡಿಗೆ ಬಂದು ನಿಲ್ತಾರ. ಹತ್ರಿ ಅಂದ್ರ, 'ಏನಂತ ಹತ್ತಲಪಾ?' ಅಂತಾರ. ಬಸ್ಸು ಹೋಗೂ ತನ ನಿಂತು ಮನಿಗಿ ಹೋಗ್ತಾರ."

ಅಯ್ಯೋ ದೇವರೇ! ನನಗೆ ಅಲ್ಲಿಯೇ ಅಳು ಬಂತು. ಕಂದೀಲು, ಗಾಜು, ಟಾರ್ಚು, ಸೆಲ್ಲು, ಎಲ್ಲವೂ ಒಟ್ಟಿಗೆ ಅರ್ಥವಾದವು. ವ್ಯಾಪಾರದ ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ತಾವೇ ದೂರ ಕಳಿಸಿದ ತಮ್ಮಂದಿರ ಮನೆಗೆ ಹೋಗಲು ಆ ಹಿರಿಯ ಜೀವಕ್ಕೆ ಒಂದು ನೆಪ ಬೇಕಾಗಿತ್ತು. ಆ ನೆಪವನ್ನು ನಾವು ವ್ಯಾನಿನಲ್ಲಿ ತರಿಸಿಕೊಂಡು ಕಪಾಟಿನಲ್ಲಿ ಜೋಡಿಸಿಟ್ಟಿದ್ದೆವು.

ಕಣ್ಣೊರೆಸಿಕೊಂಡು ಕಂಡಕ್ಟರಿಗೆ ಹೇಳಿದೆ: "ಹರಪನಹಳ್ಳ್ಯಾಗ ಕಂದೀಲಿನ ಗಾಜು ಎಲ್ಲಾ ಖಾಲಿ ಆಗ್ಯಾವಂತ, ಗಿರಾಕಿ ಒದರಾಡಾಕತ್ಯಾರಂತ. ಸಾವ್ಕಾರ್ರಿಗೆ ಇಷ್ಟು ಹೇಳ್ರಿ."

ಅವನು ಅತ್ತ ಹೋದ, ನಾನು ಇತ್ತ ಗಾಜಿನ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗಿ ಮಂಚದ ಕೆಳಗೆ ನೂಕಿ ಹಳೆಯ ಸೀರೆ ಹೊದಿಸಿದೆ. ಸಂಜೆ ಗಂಡ ಕಪಾಟು ನೋಡಿ ಬೆರಗಾದರು.

"ಗಾಜು ಎಲ್ಲಿ?"

"ಮಾರಿದ್ನಿ."

"ಎಲ್ಲಾನೂ?"

"ಎಲ್ಲಾನೂ! ನನಗ ವ್ಯಾಪಾರ ಬರಂಗಿಲ್ಲಂತ ತಿಳ್ದೀರೇನು?"

ಮರುದಿನವೇ ಬಂದರು ಭಾವನವರು, ಎದೆಗೆ ಟವೆಲಿನ ಕೂಸನ್ನು ಅವಚಿಕೊಂಡು. ಸೊರಗಿದ್ದರು. ಅಂಗಿ ದೊಗಳೆಯಾಗಿತ್ತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದೆ. ನಿಧಾನವಾಗಿ ಉಂಡರು. ಕೈ ತೊಳೆಯಲು ಏಳಬೇಕು, ಅಷ್ಟರಲ್ಲಿ ನಮ್ಮ ಹಾಳು ಬೆಕ್ಕು ಮಂಚದ ಕೆಳಗೆ ನುಗ್ಗಿ ಸೀರೆ ಎಳೆಯಿತು. ಗಾಜಿಗೆ ಗಾಜು ತಾಗಿ ಟಣ್ಣೆಂದಿತು. ಭಾವನವರು ಬಗ್ಗಿ ನೋಡಿದರು. ಸಾಲು ಸಾಲು ಗಾಜು ಅಲ್ಲಿ ಹೊಳೆಯುತ್ತಿದ್ದವು. ನಾನು ಬಾಗಿಲಿಗೆ ಅಂಟಿಕೊಂಡು ನಿಂತುಬಿಟ್ಟೆ.

ಅವರು ಎದ್ದು, ಸೀರೆಯನ್ನು ಮೊದಲಿನಂತೆ ಪೆಟ್ಟಿಗೆಗೆ ಹೊದಿಸಿದರು. ಕೈ ತೊಳೆದು ಬಂದರು. ಕೊಡದ ಕಡೆ ತಿರುಗಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನೇ ನೋಡಿದರು.

"ಯವ್ವಾ, ಮುಂದಿನ ವಾರ ಬತ್ತಿನೂ ಖಾಲಿ ಆಗ್ತಾವೇನು?"

ನಾನು ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಹೇಳಿದೆ:

"ಆಗ್ತಾವ್ರಿ ಭಾವ. ನಮ್ಮ ಅಂಗಡ್ಯಾಗ ಏನೂ ಉಳಿಯಂಗಿಲ್ರಿ."