ಮೂವತ್ತಮೂರನೇ ಜಾಗ

ಕಿರುಬೆರಳಿನಷ್ಟು ಉದ್ದದ ಒಂದು ಪಿನ್ನಿನಿಂದ ವರ್ಲಿನ್ ಡೀಟ್ಸನ ಆ ಭಾನುವಾರ ಹಾದಿ ತಪ್ಪಿತು. ರೇಸ್ ಕಾರಿನ ಇಂಜಿನ್ ಮುಚ್ಚಳ ಗಾಳಿಗೆ ಹಾರಿಹೋಗದ ಹಾಗೆ ಹಿಡಿದಿಡುವ ಸಣ್ಣ ಪಿನ್ನು. ಬೆಳಗ್ಗೆ ಎಂಟು ಗಂಟೆಗೆ ಪಕ್ಕದ ಗ್ಯಾರೇಜಿನ ಲೋಮ್ಯಾಕ್ಸ್ ಬಂದು, ತಮ್ಮ ಮೂರನೇ ಕಾರಿಗೆ ಬೇಕಿತ್ತು, ಅಂಥದ್ದೊಂದು ಇದೆಯೇ ಎಂದು ಕೇಳಿದ.

ಲೋಮ್ಯಾಕ್ಸ್ ಎಂದರೆ ಹ್ಯಾಲಂ ತಂಡದ ಮೇಲ್ವಿಚಾರಕ. ಗ್ರೀಸಿನ ನಡುವೆ ಇಪ್ಪತ್ತು ವರ್ಷ ಕಳೆದರೂ ಬಿಳಿ ಅಂಗಿಗೆ ಒಂದು ಕಲೆ ಮಾಡಿಕೊಂಡವನಲ್ಲ. ಅವನ ತಂಡಕ್ಕೆ ಮೂರು ಕಾರು, ಏಳು ಲಾರಿ, ಇಸ್ತ್ರಿ ಹಾಕಿದ ನೀಲಿ ಬಟ್ಟೆಯ ನಲವತ್ತು ಜನ. ಏಳು ಲಾರಿ ಇದ್ದೂ ಒಂದು ಪಿನ್ನಿಗೆ ಬಂದದ್ದೇಕೆಂದರೆ, ಸಾಮಾನಿನ ಲಾರಿಯ ಬೀಗದ ಕೈ ಜೇಬಿನಲ್ಲಿಟ್ಟುಕೊಂಡವನು ಚರ್ಚಿಗೆ ಹೋಗಿ ಕೂತಿದ್ದ. ಪಾದ್ರಿಗಳು ಆ ದಿನ ಉಪದೇಶ ಸ್ವಲ್ಪ ಉದ್ದ ಮಾಡಿದ್ದರು.

ವರ್ಲಿನ್‌ನ ಹತ್ತಿರ ಹೆಚ್ಚಿನ ಪಿನ್ನು ಇರಲಿಲ್ಲ. ಅವನ ಹತ್ತಿರ ಹೆಚ್ಚಿನದು ಅಂತ ಯಾವುದೂ ಇರಲಿಲ್ಲ. ತನ್ನ ಕಾರಿನಿಂದಲೇ ಕಿತ್ತುಕೊಟ್ಟು, ಆ ಜಾಗಕ್ಕೆ ತಂತಿ ಸುತ್ತಿದ.

“ಏಳು ಲಾರಿ ಇಟ್ಕೊಂಡೋರಿಗೆ ನಮ್ಮ ಪಿನ್ನೇ ಬೇಕಾಗಿತ್ತಾ?” ಎಂದಳು ಹೆಂಡತಿ ನಾಡೀನ್. ತಂಡದ ಸ್ಟಾಪ್‌ವಾಚು, ಊಟದ ಡಬ್ಬಿ, ವಿವೇಕ ಮೂರೂ ಅವಳ ಸುಪರ್ದಿಯಲ್ಲಿದ್ದವು.

ರೇಸ್ ಟ್ರ್ಯಾಕಿನೊಳಗೆ ತಂಡಗಳೆಲ್ಲ ಸಾಲಾಗಿ ಬೀಡುಬಿಡುವ ಆ ಗ್ಯಾರೇಜ್ ಓಣಿಯ ಕಟ್ಟಳೆಯನ್ನು ವರ್ಲಿನ್ ಅವಳಿಗೆ ಇನ್ನೊಮ್ಮೆ ಹೇಳಿದ. ಅದೇ ಓಣಿಯಲ್ಲಿ ಜನ್ಮವಿಡೀ ಟೈರು ಬದಲಿಸಿದ ಅವನ ಅಪ್ಪ ಕಲಿಸಿದ್ದು ಅದು. ಯಾರು ಏನು ಕೇಳಿದರೂ ಇಲ್ಲ ಅನ್ನಬಾರದು. ಕೊಟ್ಟವರು ವಾಪಸ್ ಕೇಳಿದರೆ ಒಂದು ನಿಮಿಷ ತಡ ಮಾಡಬಾರದು. ನಾಡೀನ್ ಈ ಮಾತನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಎಲ್ಲರ ಮನೆಯಲ್ಲೂ ಒಂದೊಂದು ಕಾಯಿಲೆ ಇರುತ್ತದೆ, ನಮ್ಮ ಮನೆಯಲ್ಲಿ ಇದು ಎಂದು ಸುಮ್ಮನಾದಳು.

ಇಂಡಿಯಾನಾಪೊಲಿಸ್‌ನ ಆ ಟ್ರ್ಯಾಕಿನ ಗೋಡೆಯಿಂದ ಎಣಿಸಿದರೆ ವರ್ಲಿನ್‌ನ ಮನೆ ಏಳನೆಯದು. ಓಟ ನಡೆಯುವ ಮೇ ತಿಂಗಳು ಬಂತೆಂದರೆ ಅವನ ಸೂಪಿನ ಬಟ್ಟಲು ಇಂಜಿನ್ ಸದ್ದಿಗೆ ನಡುಗುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಹಿತ್ತಲಿನ ಗ್ಯಾರೇಜಿನಲ್ಲಿ ಕಾರು ಕಟ್ಟುತ್ತಿದ್ದ. ಹತ್ತೊಂಬತ್ತು ವರ್ಷವೂ ಅದು ಓಟಕ್ಕೆ ಆಯ್ಕೆಯಾಗದೆ ಮನೆಗೆ ಮರಳಿತ್ತು. ಓಟದ ದಿನ ಅವನು ಅಂಗಳದ ಹುಲ್ಲಿನ ಮೇಲೆ ಊರಿಗೆ ಬಂದವರ ಕಾರು ನಿಲ್ಲಿಸಿಕೊಂಡು, ಗ್ಯಾರೇಜಿನ ಮಾಡಿನ ಮೇಲೆ ಕೂತು, ಗೋಡೆಯಾಚೆಯ ಸದ್ದು ಕೇಳುತ್ತಿದ್ದ.

ಗೆಲ್ಲಬೇಕೆಂಬ ಆಸೆ ಅವನಿಗೆ ಎಂದೂ ಇರಲಿಲ್ಲ. ಅಷ್ಟು ತಲೆ ಕೆಟ್ಟಿರಲಿಲ್ಲ. ಗೆಲ್ಲುವುದು ಹ್ಯಾಲಂನಂಥವರ ಮನೆಯ ವಿಚಾರ. ಅವನಿಗೆ ಬೇಕಾಗಿದ್ದುದು ಓಟದ ದಿನದ ಬೆಳಗಿನ ಒಂದು ಸಣ್ಣ ನಡಿಗೆ. ಮೂವತ್ತಮೂರು ಕಾರುಗಳನ್ನು ಓಣಿಯಿಂದ ಟ್ರ್ಯಾಕಿಗೆ ಕೈಯಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಬೇಲಿಯ ಎರಡೂ ಕಡೆ ಜನ ಚಪ್ಪಾಳೆ ತಟ್ಟುತ್ತಾರೆ. ಆ ಸಾಲಿನ ಕೊನೆಯ ಕಾರಿನ ಬಾಲದ ಮೇಲೆ ಅಂಗೈ ಇಟ್ಟು ಅಷ್ಟು ದೂರ ನಡೆಯಬೇಕು, ಅಷ್ಟೇ. ಅಪ್ಪ ಬೇರೆಯವರ ಕಾರಿನ ಹಿಂದೆ ಹಾಗೆ ನಡೆದದ್ದನ್ನು ಬೇಲಿಗೆ ಮೂಗು ಒತ್ತಿಕೊಂಡು ನೋಡಿದ್ದು ಅವನಿಗೆ ನಿನ್ನೆಯ ಹಾಗಿತ್ತು. ಕೆಲವು ರಾತ್ರಿ ನಿದ್ದೆಯಲ್ಲಿ ಅಂಗೈ ಬೆಚ್ಚಗಾಗಿ ಎಚ್ಚರವಾಗುತ್ತಿತ್ತು.

ಆ ಭಾನುವಾರ ಆಯ್ಕೆಯ ಕೊನೆಯ ದಿನ. ಸಂಜೆ ಆರಕ್ಕೆ ಗುಂಡು ಹಾರಿಸುತ್ತಾರೆ, ಆಮೇಲೆ ಬ್ರಹ್ಮ ಬಂದರೂ ಒಳಗೆ ಸೇರಿಸುವುದಿಲ್ಲ. ಇರುವುದು ಮೂವತ್ತಮೂರು ಜಾಗ. ನಾಲ್ಕು ಸುತ್ತು ಓಡಿಸಿ, ಪಟ್ಟಿಯ ಕೊನೆಯವನಿಗಿಂತ ಜೋರಾಗಿ ಹೋದವನು ಒಳಗೆ, ಆ ಕೊನೆಯವನು ಹೊರಗೆ. ಮೂವತ್ತಮೂರನೇ ಜಾಗದಲ್ಲಿ ಹ್ಯಾಲಂ ತಂಡದ ಮೂರನೇ ಕಾರು ಕೂತಿತ್ತು. ಅದನ್ನು ಓಡಿಸುವವನು ತಂಡಕ್ಕೆ ದುಡ್ಡು ಹಾಕುವ ಹಾಸಿಗೆ ಕಂಪನಿಯ ಮಾಲೀಕನ ಅಳಿಯ. ಅವನು ಓಡಿಸುವುದನ್ನು ನೋಡಿದವರು ಹಾಸಿಗೆಯ ಗುಣಮಟ್ಟವನ್ನು ಮೆಚ್ಚಿಕೊಳ್ಳುತ್ತಿದ್ದರು.

ವರ್ಲಿನ್‌ನ ಚಾಲಕ ಡೆಲ್ ರಕರ್ ವಾರವೆಲ್ಲ ಶಾಲೆಯ ಬಸ್ಸು ಓಡಿಸುವವನು. ಅರವತ್ತು ಮಕ್ಕಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಓಡಿಸಿದ ಮೇಲೆ ಇನ್ನೂರು ಮೈಲಿ ವೇಗಕ್ಕೆ ಅವನು ಹೆದರುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಅಭ್ಯಾಸಕ್ಕೆ ಹೊರಟ. ಎರಡನೇ ತಿರುವಿನಲ್ಲಿ ತಂತಿ ಹರಿಯಿತು. ಮುಚ್ಚಳ ಎದ್ದು, ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ಹಿಂದಿನ ರೆಕ್ಕೆಗೆ ಬಡಿಯಿತು. ಎರಡೂ ಸೇರಿ ಹುಲ್ಲಿನ ಮೇಲೆ ಬಿದ್ದವು.

ಈಗ ಅಲ್ಲಿ ಸಲಹೆಗಾರ ಹಾಜರಾದ. ಪಕ್ಕದ ಮನೆಯ ಹಾರ್ಲನ್ ಪೆಕ್, ಕಾರ್ಖಾನೆಯಿಂದ ನಿವೃತ್ತನಾದವನು, ಮಡಚುವ ಕುರ್ಚಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ಎಲ್ಲಿ ಕೆಲಸ ಕೆಟ್ಟಿದೆಯೋ ಅಲ್ಲಿ ಅದನ್ನು ಬಿಚ್ಚಿ ಕೂರುತ್ತಿದ್ದ.

“ಲೋ ವರ್ಲಿನ್, ನಿನ್ನ ಪಿನ್ನು ತಗೊಂಡೋರು ತಾನೇ? ಹೋಗಿ ರೆಕ್ಕೆ ಕೇಳು,” ಎಂದ ಹಾರ್ಲನ್.

ವರ್ಲಿನ್ ಸಂಕೋಚದಿಂದಲೇ ಹೋಗಿ ಕೇಳಿದ. ಲೋಮ್ಯಾಕ್ಸ್ ಚಿಟಿಕೆ ಹೊಡೆದ. ನೀಲಿ ಬಟ್ಟೆಯವರಿಬ್ಬರು ಹೊಚ್ಚಹೊಸ ರೆಕ್ಕೆ, ಮುಚ್ಚಳ ತಂದು ಕೂರಿಸಿಯೇ ಹೋದರು. ಹಳೇ ಪಂಚೆಗೆ ಜರಿ ಅಂಚು ಹಚ್ಚಿದ ಹಾಗೆ ಕಾಣಿಸಿತು ಕಾರು.

ತೊಂದರೆ ಆಮೇಲೆ ಶುರುವಾಯಿತು. ಹೊಸ ರೆಕ್ಕೆ ಗಾಳಿಯನ್ನು ಹಿಡಿದು ಹಿಂದಿನ ಚಕ್ರಗಳನ್ನು ನೆಲಕ್ಕೆ ಎಷ್ಟು ಒತ್ತಿತೆಂದರೆ, ಹಳೇ ಬೇರಿಂಗುಗಳಿಗೆ ಅಂಥ ಗೌರವ ಅಭ್ಯಾಸವಿರಲಿಲ್ಲ. ಮೂರೇ ಸುತ್ತಿನಲ್ಲಿ ಸುಟ್ಟು ಕರಕಲಾದವು. ವರ್ಲಿನ್ ಮತ್ತೆ ಪಕ್ಕಕ್ಕೆ ಹೋದ. ಬೇರಿಂಗ್ ಸಮೇತ ನಾಲ್ಕು ಚಕ್ರ ಬಂದವು. ಹೊಸ ಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚಿದ್ದಕ್ಕೆ ಹದಿನಾಲ್ಕು ವರ್ಷದ ಗೇರ್‌ಬಾಕ್ಸ್ ಹಲ್ಲು ಉದುರಿಸಿಕೊಂಡಿತು. ಮೂರನೇ ಸಲ ಹೋಗುವುದಕ್ಕೆ ಅವನಿಗೆ ಮುಖವಿರಲಿಲ್ಲ. ಹಾರ್ಲನ್ ಹೋಗಿ ಕೇಳಿದ. ಗೇರ್‌ಬಾಕ್ಸ್ ಕೂಡ ಬಂತು. ಜೊತೆಗೆ ನಾಲ್ಕು ಜನ, ಎಲ್ಲರಿಗೂ ತಣ್ಣಗಿನ ನಿಂಬೆ ಶರಬತ್ತು.

“ಇದರಲ್ಲಿ ನಮ್ಮದು ಅಂತ ಇನ್ನೇನು ಉಳಿದಿದೆ?” ಎಂದು ಕೇಳಿದಳು ನಾಡೀನ್.

ವರ್ಲಿನ್ ಬೆರಳು ಮಡಚಿ ಲೆಕ್ಕ ಹೇಳಿದ. ಡೆಲ್ ಕೂರುವ ತೊಟ್ಟಿ ನಮ್ಮದು, ಹಿತ್ತಲಲ್ಲಿ ಬಡಿದು ಮಾಡಿದ್ದು. ಇಂಜಿನ್ ನಮ್ಮದು. ಸ್ಟಿಯರಿಂಗ್ ನಮ್ಮದು, ಅದಕ್ಕೆ ಚರ್ಮ ಹೊಲಿದವಳು ನೀನೇ. ನಾಡೀನ್ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅವಳಿಗೂ ಆ ನಡಿಗೆ ಬೇಕಾಗಿತ್ತು, ಹೇಳಿಕೊಂಡಿರಲಿಲ್ಲ ಅಷ್ಟೇ.

ಲೋಮ್ಯಾಕ್ಸ್ ಯಾಕೆ ಇಷ್ಟು ಧಾರಾಳ ತೋರಿಸಿದ ಎಂದರೆ, ಅವನು ಒಳ್ಳೆಯವನು. ಮನೆಯ ಮುಂದೆ ಹಕ್ಕಿಗೆ ಕಾಳು ಹಾಕುವವನು ಹಕ್ಕಿಗೆ ಹೆದರುತ್ತಾನೆಯೇ? ಹತ್ತೊಂಬತ್ತು ವರ್ಷ ಹೊರಗೇ ಉಳಿದವನು ಇಪ್ಪತ್ತನೆಯ ವರ್ಷವೂ ಹೊರಗೇ ಉಳಿಯುತ್ತಾನೆ ಎಂದು ಅವನು ಲೆಕ್ಕ ಹಾಕಿದ್ದ.

ಐದು ಗಂಟೆ ನಲವತ್ತಾರು ನಿಮಿಷಕ್ಕೆ ಡೆಲ್ ರಕರ್ ಟ್ರ್ಯಾಕಿಗೆ ಇಳಿದ. ಮೊದಲ ಸುತ್ತಿನಲ್ಲಿ ನಾಡೀನ್ ಸ್ಟಾಪ್‌ವಾಚು ನೋಡಿ, ಕೆಟ್ಟಿದೆಯೇನೋ ಎಂದು ಅಲ್ಲಾಡಿಸಿದಳು. ಎರಡನೆಯದರಲ್ಲಿ ವರ್ಲಿನ್ ಕಣ್ಣು ಮುಚ್ಚಿಕೊಂಡ. ಅವನಿಗೆ ಸದ್ದು ಸಾಕಾಗಿತ್ತು; ಮಾಡಿನ ಮೇಲೆ ಕೂತು ಅಷ್ಟು ವರ್ಷ ಕೇಳಿ ಕಿವಿ ಪಳಗಿತ್ತು. ಇದು ಬೇರೆಯವರ ಕಾರಿನ ಸದ್ದು, ತನ್ನ ಕಾರಿನಿಂದ ಬರುತ್ತಿತ್ತು. ನಾಲ್ಕನೆಯ ಸುತ್ತು ಮುಗಿದಾಗ ಹಾರ್ಲನ್ ಕುರ್ಚಿಯಿಂದ ಎದ್ದಿದ್ದ, ಅದನ್ನು ಊರು ಮೊದಲ ಸಲ ನೋಡಿತು.

ಧ್ವನಿವರ್ಧಕ ಹೇಳಿತು: ಮೂವತ್ತಮೂರನೇ ಜಾಗ, ಡೀಟ್ಸ್. ಕೂದಲೆಳೆಯ ಅಂತರ. ಹ್ಯಾಲಂ ತಂಡದ ಮೂರನೇ ಕಾರು ಹೊರಗೆ. ಅಳಿಯ ಮತ್ತೆ ಹೆಲ್ಮೆಟ್ ಹಾಕಿಕೊಂಡು ಕೂತನಾದರೂ ಮುಂದೆ ಇನ್ನೊಬ್ಬ ಟ್ರ್ಯಾಕಿನಲ್ಲಿದ್ದ. ಆ ಇನ್ನೊಬ್ಬ ವೇಗ ಸಾಲದೆ ಟ್ರ್ಯಾಕ್ ಬಿಡುವಷ್ಟರಲ್ಲಿ ಆರು ಗಂಟೆಯ ಗುಂಡು ಢಂ ಎಂದಿತು.

ಡೆಲ್ ಅತ್ತೇಬಿಟ್ಟ. ನಾಡೀನ್ ಸ್ಟಾಪ್‌ವಾಚು ನಿಲ್ಲಿಸುವುದನ್ನು ಮರೆತಳು. ಹಾರ್ಲನ್ ಕುರ್ಚಿಯನ್ನೂ ಬಿಟ್ಟು, ಬೀದಿಗೆಲ್ಲ ಸುದ್ದಿ ಮುಟ್ಟಿಸಲು ಓಡಿದ. ವರ್ಲಿನ್ ಮಾತ್ರ ಕಾರಿನ ಬಾಲದ ಮೇಲೆ ಅಂಗೈ ಇಟ್ಟು ನಿಂತಿದ್ದ. ಬಿಸಿಯಾಗಿತ್ತು. ಅವನು ಕೈ ತೆಗೆಯಲಿಲ್ಲ.

ಉಳಿದದ್ದು ಒಂದೇ ಕೆಲಸ. ಆಯ್ಕೆಯಾದ ಕಾರು ಆರೂವರೆಯೊಳಗೆ ತನ್ನ ನಾಲ್ಕು ಚಕ್ರದ ಮೇಲೆ ತಪಾಸಣೆಯ ಶೆಡ್ಡಿಗೆ ಹೋಗಿ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಬಾರದಿದ್ದರೆ ಆ ಜಾಗ ಹೊರಗೆ ಬಿದ್ದವನಿಗೆ ಹೋಗುತ್ತದೆ. ಶೆಡ್ಡು ಇನ್ನೂರು ಹೆಜ್ಜೆ ದೂರದಲ್ಲಿತ್ತು. ಅವರು ಇನ್ನೇನು ತಳ್ಳಬೇಕು, ಅಷ್ಟರಲ್ಲಿ ಲೋಮ್ಯಾಕ್ಸ್ ಬಂದ. ಹಿಂದೆ ನೀಲಿ ಬಟ್ಟೆಯ ಎಂಟು ಜನ, ಅವರ ಕೈಯಲ್ಲಿ ಸ್ಪ್ಯಾನರ್.

ಅವನು ಮೊದಲು ವರ್ಲಿನ್‌ನ ಕೈ ಕುಲುಕಿದ. ಇಷ್ಟು ವರ್ಷದ ತಪಸ್ಸು ಫಲಿಸಿತು, ನನಗೆ ನಿಜವಾಗಿಯೂ ಸಂತೋಷವಾಗಿದೆ ಎಂದ. ಅವನ ಕಣ್ಣಂಚೂ ಒದ್ದೆಯಾಗಿತ್ತು, ಅದರಲ್ಲಿ ಮೋಸವಿರಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡ.

“ಡೀಟ್ಸ್ ಅವರೇ, ನಮ್ಮ ಸಾಮಾನು ವಾಪಸ್ ಕೊಟ್ಟರೆ ಉಪಕಾರವಾಗ್ತಿತ್ತು.”

“ನಾಳೆ ಬೆಳಗ್ಗೆ ಬಂದು ತಗೊಳ್ಳಿ,” ಎಂದಳು ನಾಡೀನ್ ತಟ್ಟನೆ.

“ಈಗಲೇ ಬೇಕಿತ್ತಮ್ಮ.”

ನಾಡೀನ್ ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ಅರ್ಧ ಗಂಟೆ ತಡ ಮಾಡು ಸಾಕು, ವರ್ಲಿನ್. ಕೇಳಿಸ್ಲಿಲ್ಲ ಅನ್ನು. ಹತ್ತೊಂಬತ್ತು ವರ್ಷಕ್ಕೆ ಅರ್ಧ ಗಂಟೆ.”

ಡೆಲ್ ಕೂಡ ಕೈ ಮುಗಿಯುವವನ ಹಾಗೆ ನೋಡುತ್ತಿದ್ದ. ವರ್ಲಿನ್ ಇನ್ನೂರು ಹೆಜ್ಜೆ ಆಚೆಯ ಶೆಡ್ಡನ್ನು ನೋಡಿದ. ಬಾಗಿಲು ತೆರೆದಿತ್ತು. ಸುಮ್ಮನೆ ತಳ್ಳಿಬಿಟ್ಟಿದ್ದರೆ ಲೋಮ್ಯಾಕ್ಸ್ ಅಡ್ಡ ನಿಲ್ಲುತ್ತಿರಲಿಲ್ಲ, ನಿಂತರೆ ಅಂಗಿ ಕೊಳೆಯಾಗುತ್ತಿತ್ತು. ಆದರೆ ಅಪ್ಪ ಇದೇ ಓಣಿಯಲ್ಲಿ ಟೈರಿನ ಮೇಲೆ ಕೂತು ಆ ಮಾತು ಹೇಳಿದ್ದ. ಆ ಮಾತಿನ ಎರಡನೇ ಅರ್ಧ ಎಂದಾದರೂ ತನ್ನ ಕುತ್ತಿಗೆಗೆ ಬಂದೀತೆಂದು ವರ್ಲಿನ್ ಯೋಚಿಸಿಯೇ ಇರಲಿಲ್ಲ. ಅವನು ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಬಿಚ್ಚಿಕೊಳ್ಳಿ,” ಎಂದ.

ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಅಷ್ಟು ಚೆನ್ನಾಗಿ, ಒಂದು ಗೀರು ಬೀಳದ ಹಾಗೆ ಕಾರು ಬಿಚ್ಚುವವರನ್ನು ವರ್ಲಿನ್ ನೋಡಿರಲಿಲ್ಲ. ಆ ದುಃಖದಲ್ಲೂ ಮೆಚ್ಚಿಕೊಂಡ. ರೆಕ್ಕೆ ಹೋಯಿತು, ಮುಚ್ಚಳ ಹೋಯಿತು, ಗೇರ್‌ಬಾಕ್ಸ್ ಹೋಯಿತು. ಕೊನೆಗೆ ನಾಲ್ಕು ಚಕ್ರವೂ ಹೋಗಿ, ಇಂಜಿನ್ ಸಮೇತ ತೊಟ್ಟಿ ಮರದ ದಿಮ್ಮಿಗಳ ಮೇಲೆ ಕೂತಿತು. ಬೇರಿಂಗ್ ಸುಟ್ಟ ಹಳೇ ಚಕ್ರಗಳು ಉರುಳುವ ಸ್ಥಿತಿಯಲ್ಲಿರಲಿಲ್ಲ.

ಆಗ ವರ್ಲಿನ್‌ಗೆ ಥಟ್ಟನೆ ನೆನಪಾಯಿತು. ಅವನ ಮುಖದಲ್ಲಿ ಆ ದಿನದ ಮೊದಲ ಜಾಣತನ ಮೂಡಿತು. ಕಟ್ಟಳೆ ಎರಡೂ ಕಡೆಗೆ ಒಂದೇ. ಹ್ಯಾಲಂ ತಂಡದ ಮೂರನೇ ಕಾರೂ ಆರೂವರೆಯೊಳಗೆ ಶೆಡ್ಡಿಗೆ ಹೋಗಬೇಕು. ಅದರ ಮುಚ್ಚಳ ನಿಂತಿರುವುದು ಯಾರ ಪಿನ್ನಿನ ಮೇಲೆ?

“ಲೋಮ್ಯಾಕ್ಸ್ ಅವರೇ, ನನ್ನ ಪಿನ್ನು ವಾಪಸ್ ಬೇಕಿತ್ತು. ಈಗಲೇ,” ಎಂದ.

ನಾಡೀನ್ ಸ್ಟಾಪ್‌ವಾಚು ಕೈಗೆತ್ತಿಕೊಂಡಳು. ಡೆಲ್ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತ. ಲೋಮ್ಯಾಕ್ಸ್ ಹಣೆ ಚಚ್ಚಿಕೊಂಡ. ಎಂಥ ಮರೆವು ನನ್ನದು, ಬೆಳಗ್ಗೆಯೇ ಕೊಡಬೇಕಾಗಿತ್ತು ಎಂದು ಕ್ಷಮೆ ಕೇಳಿದ. ಮತ್ತೆ ಚಿಟಿಕೆ ಹೊಡೆದ.

ಬೀಗದ ಕೈಯವನು ಚರ್ಚಿನಿಂದ ಯಾವಾಗಲೋ ಬಂದಾಗಿತ್ತು. ಅವನು ಸಾಮಾನಿನ ಲಾರಿಯಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ವರ್ಲಿನ್‌ನ ಕೈಯಲ್ಲಿಟ್ಟ. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಹೊಸ ಪಿನ್ನುಗಳು, ಇನ್ನೂರು.

“ಬಡ್ಡಿ ಸಮೇತ,” ಎಂದು ಲೋಮ್ಯಾಕ್ಸ್ ಪ್ರೀತಿಯಿಂದ ಹೇಳಿದ. ಅದರ ಮೇಲೆ ವರ್ಲಿನ್‌ನ ಹಳೇ ಪಿನ್ನನ್ನೂ ಕಿತ್ತು ತರಿಸಿ ಇಟ್ಟ. ಹ್ಯಾಲಂ ತಂಡ ಇನ್ನೊಬ್ಬರ ವಸ್ತು ಇಟ್ಟುಕೊಳ್ಳುವುದಿಲ್ಲ. ಆರು ಇಪ್ಪತ್ತೆರಡಕ್ಕೆ ಅಳಿಯನ ಕಾರು ಹೊಸ ಪಿನ್ನಿನೊಂದಿಗೆ ಶೆಡ್ಡಿನ ಬಾಗಿಲು ದಾಟಿತು.

ಚಕ್ರವಿಲ್ಲದ ತೊಟ್ಟಿಯನ್ನು ಮನೆಗೆ ಒಯ್ಯುವುದು ಹೇಗೆ ಎಂದು ಮೂವರೂ ನಿಂತಿರುವಾಗ ನೀಲಿ ಬಟ್ಟೆಯವನೊಬ್ಬ ಚಪ್ಪಟೆಯ ತಳ್ಳುಗಾಡಿಯೊಂದನ್ನು ಉರುಳಿಸಿಕೊಂಡು ಬಂದ. ಲೋಮ್ಯಾಕ್ಸ್ ಕಳಿಸಿದ್ದು. ಅವಸರವೇನಿಲ್ಲ, ಎಂಟು ಗಂಟೆಯೊಳಗೆ ವಾಪಸ್ ಬಂದರೆ ಸಾಕು ಎಂದು ಹೇಳಿಕಳಿಸಿದ್ದ.

ತೊಟ್ಟಿಯನ್ನು ಅದರ ಮೇಲೇರಿಸಿ, ಪಿನ್ನಿನ ಪೆಟ್ಟಿಗೆಯನ್ನು ಡೆಲ್ ಕೂರುವ ಜಾಗದಲ್ಲಿಟ್ಟರು. ಡೆಲ್ ಮುಂದೆ ಎಳೆದ, ನಾಡೀನ್ ಪಕ್ಕದಲ್ಲಿ ಹಿಡಿದಳು, ವರ್ಲಿನ್ ಹಿಂದೆ. ಓಣಿ ದಾಟಿ, ಟ್ರ್ಯಾಕಿನ ಕಡೆಗಲ್ಲ, ಗೇಟಿನ ಕಡೆಗೆ ತಿರುಗಿದರು.

ಬೀದಿಗೆ ಬಂದಾಗ ಅವರ ಕಾಲು ನಿಂತುಹೋಯಿತು. ಹಾರ್ಲನ್ ತನ್ನ ಕೆಲಸ ಚೆನ್ನಾಗಿ ಮಾಡಿದ್ದ. ಏಳೂ ಮನೆಯವರು, ಆಚೆ ಬೀದಿಯವರು, ಊಟದ ತಟ್ಟೆ ಕೈಯಲ್ಲಿ ಹಿಡಿದವರು, ಎಲ್ಲರೂ ಅಂಗಳದ ಹುಲ್ಲಿನ ಮೇಲೆ ಎರಡು ಸಾಲಾಗಿ ನಿಂತಿದ್ದರು. ಅವರಿಗೆ ಗೊತ್ತಿದ್ದುದು ಮೂವತ್ತಮೂರನೇ ಜಾಗದ ಸುದ್ದಿ ಮಾತ್ರ. ತೊಟ್ಟಿ ಕಂಡದ್ದೇ ತಡ, ಬೀದಿ ತುಂಬ ಚಪ್ಪಾಳೆ.

“ಹೇಳಿಬಿಡೋಣ್ವಾ?” ಎಂದು ನಾಡೀನ್ ಪಿಸುಗುಟ್ಟಿದಳು. “ಇನ್ನು ಗಾಡಿ ಬೇರೆ ವಾಪಸ್ ಕೊಡಬೇಕು. ಬೇಗ ನಡಿ.”

ವರ್ಲಿನ್ ಇಂಜಿನ್ನಿನ ಹಿಂದೆ, ಬಾಲ ಇರಬೇಕಾಗಿದ್ದ ಕಡೆ, ಅಂಗೈ ಇಟ್ಟ. ಅಲ್ಲಿ ಇನ್ನೂ ಸ್ವಲ್ಪ ಬಿಸಿ ಉಳಿದಿತ್ತು.

“ಎಂಟು ಗಂಟೆಗೆ ಇನ್ನೂ ಹೊತ್ತಿದೆ,” ಎಂದ. “ಸ್ವಲ್ಪ ನಿಧಾನಕ್ಕೆ ಹೋಗೋಣ.”